ಮನೆಯ ಕಣ್ಣಿನ ಬೀಗದ ಕೈ ಯಾರ ಬಳಿ ಇದೆ?

ಕಳೆದ ಚಳಿಗಾಲದ ಒಂದು ಸಂಜೆ ಅಜ್ಜಿಯೊಬ್ಬರು ಎಂಟನೆಯ ತರಗತಿಯ ಮೊಮ್ಮಗಳನ್ನು ಕರೆದುಕೊಂಡು ಆದೋನಿಯ ನನ್ನ ಕಚೇರಿಗೆ ಬಂದರು. ಮಗ ಮತ್ತು ಸೊಸೆ ಮೆಣಸಿನಕಾಯಿ ಬಿಡಿಸುವ ಕೂಲಿಗಾಗಿ ಗುಂಟೂರಿನ ಕಡೆ ಹೋಗಿದ್ದರು. ಮನೆಯಲ್ಲಿ ಉಳಿದವರು ಇವರಿಬ್ಬರೇ. ಅವರ ಕ್ಷೇಮ ದೂರದಿಂದಲೇ ತಿಳಿಯಲೆಂದು ಮಗ ಪಡಸಾಲೆಯಲ್ಲಿ ತಿರುಗುವ ಕ್ಯಾಮೆರಾವೊಂದನ್ನು ಹಾಕಿಸಿದ್ದ. "ರಾತ್ರಿ ಹೊತ್ತು ಅದು ತಾನೇ ತಿರಗತೈತಪ್ಪ. ಮಗನ್ನ ಕೇಳಿದ್ರ ನಾ ಮುಟ್ಟಿಲ್ಲವ್ವಾ ಅಂತಾನ" ಎಂದರು ಅಜ್ಜಿ. ಹುಡುಗಿ ಏನೂ ಮಾತನಾಡಲಿಲ್ಲ. ಅವಳು ಪಡಸಾಲೆಯಲ್ಲಿ ಓದಲು ಕೂರುವುದನ್ನು ಬಿಟ್ಟು ಹತ್ತು ದಿನಗಳಾಗಿದ್ದವೆಂದು ಆಮೇಲೆ ತಿಳಿಯಿತು.

ಮನೆಯ ಫೋನಿನಲ್ಲಿಯೂ ಆ ಕ್ಯಾಮೆರಾದ ಆ್ಯಪ್ ಇತ್ತು. ತೆರೆದು ನೋಡಿದೆವು. ಖಾತೆಯ ಒಡೆಯನ ಸ್ಥಾನದಲ್ಲಿ ಮಗನ ಸಂಖ್ಯೆ ಇರಲಿಲ್ಲ. ಕ್ಯಾಮೆರಾ ಅಳವಡಿಸಿದ ಯುವಕನ ಸಂಖ್ಯೆ ಇತ್ತು. ಮನೆಯವರು ತಮ್ಮದೇ ಮನೆಯ ಕ್ಯಾಮೆರಾವನ್ನು ಅತಿಥಿಗಳಂತೆ ನೋಡುತ್ತಿದ್ದರು. ಯುವಕನನ್ನು ಕರೆಸಿ ಕೇಳಿದಾಗ, "ಇವರಿಗೆ ಇಂಗ್ಲಿಷ್ ಓದಲು ಬರುವುದಿಲ್ಲ, ಅದಕ್ಕೆ ನನ್ನ ನಂಬರಿನಲ್ಲೇ ತೆರೆದೆ" ಎಂದ. ರಾತ್ರಿ ಹೊತ್ತು ಕ್ಯಾಮೆರಾ ತಿರುಗಿಸಿದ್ದೇಕೆ ಎಂಬುದಕ್ಕೆ ಅವನಲ್ಲಿ ಉತ್ತರವಿರಲಿಲ್ಲ.

ಇಲ್ಲಿ ಯಾರೂ ಬೀಗ ಒಡೆದಿರಲಿಲ್ಲ. ಬೀಗದ ಕೈಯನ್ನು ಮನೆಯವರೇ ಕೊಟ್ಟಿದ್ದರು, ಕೊಟ್ಟದ್ದು ಅವರಿಗೆ ಗೊತ್ತಿರಲಿಲ್ಲ. 1953ರ ಅಕ್ಟೋಬರ್ 1ರಂದು ಬಳ್ಳಾರಿ ಜಿಲ್ಲೆಯ ಆದೋನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರ ರಾಜ್ಯಕ್ಕೆ ಸೇರಿದವು. ಅಂದಿನಿಂದ ಅರ್ಜಿ ಬರೆಸಲು, ನೋಟೀಸು ಓದಿಸಲು ಬೇರೆಯವರ ಬಳಿಗೆ ಹೋಗುವುದು ನಮ್ಮ ಅನೇಕ ಕನ್ನಡ ಕುಟುಂಬಗಳಿಗೆ ರೂಢಿಯಾಗಿದೆ. ಆ ರೂಢಿಯೇ ಈಗ ಫೋನಿನೊಳಗೂ ಬಂದಿದೆ. ಅರ್ಜಿಯನ್ನು ಬೇರೆಯವರು ಬರೆದುಕೊಟ್ಟರೆ ಕೆಲಸ ಅಲ್ಲಿಗೆ ಮುಗಿಯುತ್ತದೆ. ಖಾತೆಯನ್ನು ಬೇರೆಯವರು ತೆರೆದುಕೊಟ್ಟರೆ ಅವರ ಕಣ್ಣು ನಮ್ಮ ಪಡಸಾಲೆಯಲ್ಲಿಯೇ ಉಳಿದುಬಿಡುತ್ತದೆ.

ಓದು ಬರಹ ಬಲ್ಲವರ ಊರುಗಳಲ್ಲಿಯೂ ಇಂಥದು ನಡೆದಿದೆ. 2025ರ ಫೆಬ್ರುವರಿಯಲ್ಲಿ ಗುಜರಾತಿನ ರಾಜಕೋಟದ ಹೆರಿಗೆ ಆಸ್ಪತ್ರೆಯೊಂದರ ಒಳಗಿನ ದೃಶ್ಯಗಳು ಅಂತರ್ಜಾಲದಲ್ಲಿ ಮಾರಾಟಕ್ಕಿರುವುದು ಬೆಳಕಿಗೆ ಬಂತು. 'ಅಡ್ಮಿನ್123' ಎಂಬಂಥ ಸುಲಭದ ಪಾಸ್‌ವರ್ಡುಗಳನ್ನು ಬದಲಿಸದೆ ಉಳಿಸಿಕೊಂಡದ್ದು ಆ ಪ್ರಕರಣದಲ್ಲಿ ಪ್ರಮುಖ ಕಾರಣವಾಗಿ ಕಾಣಿಸಿತು. ಅಮೆರಿಕದ ಮಿಸಿಸಿಪಿ ರಾಜ್ಯದಲ್ಲಿ 2019ರ ಡಿಸೆಂಬರಿನಲ್ಲಿ ಎಂಟು ವರ್ಷದ ಬಾಲಕಿಯೊಬ್ಬಳ ಕೋಣೆಯ ಕ್ಯಾಮೆರಾದೊಳಗಿಂದ ಅಪರಿಚಿತನೊಬ್ಬ ಅವಳೊಡನೆ ಮಾತನಾಡಿದ. ಅಲ್ಲಿ ತಂದೆತಾಯಿಗಳು ಮಗುವಿನ ರಕ್ಷಣೆಗೆಂದೇ ಆ ಕ್ಯಾಮೆರಾ ಇಟ್ಟಿದ್ದರು.

ಹಾಗೆಂದು ಕ್ಯಾಮೆರಾ ಬೇಡವೆಂದು ನಾನು ಹೇಳುವುದಿಲ್ಲ. ವಲಸೆ ಹೋಗುವ ತಾಯಿಗೆ ರಾತ್ರಿ ಮಗಳ ಮುಖ ಕಾಣುವುದು ಸಣ್ಣ ಸಮಾಧಾನವಲ್ಲ. ಆದರೆ ಆ ಮುಖ ತಾಯಿಗೆ ಮಾತ್ರ ಕಾಣಬೇಕು. ಅದಕ್ಕೆ ಮಾಡಬೇಕಾದ ಕೆಲಸಗಳು ಹೆಚ್ಚಿನವಲ್ಲ.

ಮೊದಲನೆಯದು, ಖಾತೆಯು ಮನೆಯವರ ಮೊಬೈಲ್ ಸಂಖ್ಯೆ ಅಥವಾ ಇ-ಮೇಲ್ ವಿಳಾಸದಲ್ಲಿಯೇ ಇರಬೇಕು. ಅಳವಡಿಸುವವನು ತಂತಿ ಎಳೆಯಲಿ, ಮೊಳೆ ಹೊಡೆಯಲಿ. ಪಾಸ್‌ವರ್ಡನ್ನು ಮನೆಯವರೇ ಒತ್ತಬೇಕು. ಫೋನಿಗೆ ಬರುವ ಒಟಿಪಿಯನ್ನು ಅವನಿಗೂ ಹೇಳಬಾರದು. ಈಗಾಗಲೇ ಬೇರೆಯವರ ಹೆಸರಿನಲ್ಲಿದ್ದರೆ ಅವರ ಖಾತೆಯಿಂದ ಕ್ಯಾಮೆರಾವನ್ನು ತೆಗೆಸಿ, ಅದರ ರೀಸೆಟ್ ಗುಂಡಿಯನ್ನು ಒತ್ತಿ, ಹೊಸದಾಗಿ ನಿಮ್ಮ ಖಾತೆಗೆ ಸೇರಿಸಿಕೊಳ್ಳಿ.

ಎರಡನೆಯದು, ಪಾಸ್‌ವರ್ಡ್ ಉದ್ದವಾಗಿರಬೇಕು ಮತ್ತು ಬೇರೆಲ್ಲಿಯೂ ಬಳಸಿದ್ದಾಗಿರಬಾರದು. ಒಂದು ಕಡೆ ಸೋರಿದ ಪಾಸ್‌ವರ್ಡನ್ನು ಕಳ್ಳರು ನೂರು ಕಡೆ ಪ್ರಯೋಗಿಸಿ ನೋಡುತ್ತಾರೆ. ಮಗುವಿನ ಹೆಸರು, ಜನ್ಮವರ್ಷ, ಫೋನ್ ಸಂಖ್ಯೆ ಬೇಡ. ಒಂದಕ್ಕೊಂದು ಸಂಬಂಧವಿಲ್ಲದ ನಾಲ್ಕು ಕನ್ನಡ ಪದಗಳನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಜೋಡಿಸಿದರೆ ನೆನಪಿಡುವುದು ನಮಗೆ ಸುಲಭ, ಊಹಿಸುವುದು ಪರರಿಗೆ ಕಷ್ಟ. ಮರೆವಿನ ಭಯವಿದ್ದರೆ ಪುಸ್ತಕದಲ್ಲಿ ಬರೆದು ಟ್ರಂಕಿನಲ್ಲಿಡಿ. ಎಲ್ಲ ಕಡೆ ಒಂದೇ ಪಾಸ್‌ವರ್ಡ್ ಇಡುವುದಕ್ಕಿಂತ ಅದು ಎಷ್ಟೋ ಮೇಲು. ಮನೆಯ ವೈ-ಫೈ ಪಾಸ್‌ವರ್ಡಿಗೂ ಇದೇ ನಿಯಮ.

ಮೂರನೆಯದು, ಆ್ಯಪಿನ ಸೆಟ್ಟಿಂಗಿನಲ್ಲಿ 'ಎರಡು ಹಂತದ ಪರಿಶೀಲನೆ' ಇದ್ದರೆ ಅದನ್ನು ಚಾಲೂ ಮಾಡಿ. ಆಗ ಪಾಸ್‌ವರ್ಡ್ ತಿಳಿದವನಿಗೂ ನಿಮ್ಮ ಫೋನಿಗೆ ಬರುವ ಸಂಕೇತವಿಲ್ಲದೆ ಒಳಗೆ ಬರಲಾಗದು. ಆದುದರಿಂದಲೇ ಸಿಮ್ ಬದಲಿಸುವಾಗ ಎಚ್ಚರ ಬೇಕು. ನಿಷ್ಕ್ರಿಯವಾದ ಸಂಖ್ಯೆಯು 90 ದಿನಗಳ ಬಳಿಕ ಬೇರೊಬ್ಬರಿಗೆ ಹಂಚಿಕೆಯಾಗಬಹುದು. ಕೂಲಿಗೆಂದು ಊರು ಬಿಟ್ಟು ಹೊಸ ಸಿಮ್ ಕೊಳ್ಳುವವರು, ಹಳೆಯದನ್ನು ಎಸೆಯುವ ಮುನ್ನ ಖಾತೆಯಲ್ಲಿ ಸಂಖ್ಯೆಯನ್ನು ಬದಲಿಸಿಕೊಳ್ಳಬೇಕು.

ನಾಲ್ಕನೆಯದು, ಕ್ಯಾಮೆರಾವನ್ನು ಯಾರೊಡನೆ ಹಂಚಿಕೊಳ್ಳಲಾಗಿದೆ, ಯಾವ ಫೋನುಗಳಿಂದ ಖಾತೆ ತೆರೆದಿದೆ ಎಂಬ ಪಟ್ಟಿಯನ್ನು ತಿಂಗಳಿಗೊಮ್ಮೆ ನೋಡಿ. ಗುರುತಿಲ್ಲದ್ದನ್ನು ತೆಗೆದುಹಾಕಿ, ಕೂಡಲೇ ಪಾಸ್‌ವರ್ಡ್ ಬದಲಿಸಿ. ಕ್ಯಾಮೆರಾದ ತಳದಲ್ಲಿ ಅಂಟಿಸಿರುವ ಕ್ಯೂಆರ್ ಚೀಟಿಯ ಚಿತ್ರವನ್ನು ಯಾರಿಗೂ ಕಳುಹಿಸಬೇಡಿ. ಕಂಪನಿ ಕಳುಹಿಸುವ ಅಪ್‌ಡೇಟನ್ನು ತಡಮಾಡದೆ ಹಾಕಿಕೊಳ್ಳಿ.

ಐದನೆಯದು, ಕ್ಯಾಮೆರಾ ಬಾಗಿಲನ್ನು, ಅಂಗಳವನ್ನು ನೋಡಲಿ. ಮಲಗುವ, ಬಟ್ಟೆ ಬದಲಿಸುವ ಜಾಗವನ್ನು ನೋಡುವುದು ಬೇಡ. ಇದರಲ್ಲಿ ಮನೆಯ ಹೆಣ್ಣುಮಕ್ಕಳ ಮಾತೇ ಕೊನೆಯ ಮಾತಾಗಲಿ. ಒಂದೇ ಮನೆಯ ವಾಸದ ಭಾಗದಲ್ಲಿ ಸಹವಾಸಿಗಳ ಒಪ್ಪಿಗೆಯಿಲ್ಲದೆ ಕ್ಯಾಮೆರಾ ನಡೆಸುವುದು ಅವರ ಖಾಸಗಿತನಕ್ಕೆ ಧಕ್ಕೆಯೆಂದು ಕಲ್ಕತ್ತ ಹೈಕೋರ್ಟು 2025ರಲ್ಲಿ ತೀರ್ಪಿತ್ತಿದೆ.

ಇಷ್ಟಾದರೂ ಯಾರಾದರೂ ನುಸುಳಿದರೆ? ಗಾಬರಿಯಿಂದ ಎಲ್ಲವನ್ನೂ ಅಳಿಸಬೇಡಿ. ಮೊದಲು ಕ್ಯಾಮೆರಾದ ಪ್ಲಗ್ ಕಿತ್ತಿಡಿ. ಬಳಿಕ ಖಾತೆ ತೆರೆದ ಫೋನುಗಳ ಪಟ್ಟಿ, ದಿನಾಂಕ, ಸಮಯ ಕಾಣುವಂತೆ ಪರದೆಯ ಚಿತ್ರ ತೆಗೆದಿಡಿ. ನ್ಯಾಯಾಲಯದಲ್ಲಿ ಅದೇ ಸಾಕ್ಷಿ. ಆಮೇಲೆ ಪಾಸ್‌ವರ್ಡ್ ಬದಲಿಸಿ, 1930 ಸಹಾಯವಾಣಿಗೆ ಕರೆ ಮಾಡಿ ಅಥವಾ ಪೊಲೀಸ್ ಠಾಣೆಗೆ ಹೋಗಿ. ಕೇಂದ್ರ ಸರ್ಕಾರದ ಸೈಬರ್ ಅಪರಾಧ ದೂರು ತಾಣದಲ್ಲಿಯೂ ದೂರು ಕೊಡಬಹುದು. ಘಟನೆ ನಡೆದ ಸ್ಥಳ ಯಾವ ಠಾಣೆಯ ವ್ಯಾಪ್ತಿಯದೆಂಬ ಕಾರಣಕ್ಕೆ ದೂರನ್ನು ನಿರಾಕರಿಸುವಂತಿಲ್ಲ. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೆಯ ಕಲಮು ಹಾಗೆ ಹೇಳುತ್ತದೆ. ಗುಂಟೂರಿನಲ್ಲಿರುವ ತಂದೆ ಅಲ್ಲಿಂದಲೇ ದೂರು ಕೊಡಬಹುದು.

ಕಾನೂನು ಇಲ್ಲಿ ದುರ್ಬಲವಲ್ಲ. ಬೇರೆಯವರ ಪಾಸ್‌ವರ್ಡನ್ನು ವಂಚನೆಯಿಂದ ಬಳಸಿದವನಿಗೆ ಮಾಹಿತಿ ತಂತ್ರಜ್ಞಾನ ಕಾಯ್ದೆ, 2000ರ 66ಸಿ ಕಲಮಿನಡಿ ಮೂರು ವರ್ಷದವರೆಗೆ ಸೆರೆ, ಒಂದು ಲಕ್ಷ ರೂಪಾಯಿವರೆಗೆ ದಂಡ ಉಂಟು. ಖಾಸಗಿ ಹೊತ್ತಿನಲ್ಲಿರುವ ಹೆಣ್ಣನ್ನು ಕದ್ದು ನೋಡುವುದು, ಚಿತ್ರೀಕರಿಸುವುದು ಭಾರತೀಯ ನ್ಯಾಯ ಸಂಹಿತೆಯ 77ನೆಯ ಕಲಮಿನಡಿ ಅಪರಾಧ. ಮೊದಲ ಸಲಕ್ಕೇ ಒಂದರಿಂದ ಮೂರು ವರ್ಷ ಸೆರೆ. ಖಾಸಗಿತನ ಮೂಲಭೂತ ಹಕ್ಕೆಂದು ಸರ್ವೋಚ್ಚ ನ್ಯಾಯಾಲಯದ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಸಾರಿತು. ಆ ಮೊಕದ್ದಮೆಯನ್ನು ಹೂಡಿದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು.

"ದೂರನ್ನು ತೆಲುಗಿನಲ್ಲಿ ಬರೆಯಲು ಬರುವುದಿಲ್ಲವಲ್ಲ" ಎಂದು ಹಿಂಜರಿಯುವವರಿಗೆ ಒಂದು ಮಾತು. ಮಾತೃಭಾಷೆಯಲ್ಲಿ ಪ್ರಾಥಮಿಕ ಶಿಕ್ಷಣದ ಸೌಕರ್ಯಗಳ ಬಗ್ಗೆ ಹೇಳುವ ಸಂವಿಧಾನದ 350-ಎ ವಿಧಿ ನಮ್ಮ ಓದುಗರಿಗೆ ಪರಿಚಿತ. ಅದಕ್ಕಿಂತ ಒಂದು ಮೆಟ್ಟಿಲು ಮೇಲೆಯೇ 350ನೆಯ ವಿಧಿ ಇದೆ. ಕುಂದುಕೊರತೆಯ ನಿವಾರಣೆಗಾಗಿ ಕೇಂದ್ರದ ಅಥವಾ ರಾಜ್ಯದ ಯಾವುದೇ ಅಧಿಕಾರಿಗೆ, ಅಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಮನವಿ ಕೊಡುವ ಹಕ್ಕು ಪ್ರತಿಯೊಬ್ಬರಿಗೂ ಇದೆ ಎಂದು ಅದು ಹೇಳುತ್ತದೆ. ತಲೆಮಾರುಗಳಿಂದ ಈ ನೆಲದಲ್ಲಿ ಕನ್ನಡ ಬಳಕೆಯಲ್ಲಿದೆ. ಕನ್ನಡದಲ್ಲಿಯೇ ಬರೆಯಿರಿ, ಜೊತೆಗೊಂದು ತೆಲುಗು ಪ್ರತಿ ಇದ್ದರೆ ಕೆಲಸ ಬೇಗ ಸಾಗುತ್ತದೆ ಅಷ್ಟೆ.

ಆ ಅಜ್ಜಿಯ ಮನೆಯವರು ಠಾಣೆಗೆ ಹೋಗಲು ಒಪ್ಪಲಿಲ್ಲ. ಹೆಣ್ಣುಮಗುವಿನ ಹೆಸರು ಊರ ಬಾಯಿಗೆ ಬೀಳುತ್ತದೆಂಬ ಅಂಜಿಕೆ. ಮಹಿಳೆಯರ ಮತ್ತು ಮಕ್ಕಳ ಮೇಲಿನ ಇಂಥ ಕೆಲವು ಅಪರಾಧಗಳ ದೂರನ್ನು ಆ ತಾಣದಲ್ಲಿ ಹೆಸರು ಹೇಳದೆಯೂ ದಾಖಲಿಸಬಹುದೆಂದು ತಿಳಿಸಿದೆ, ಆದರೂ ಬೇಡವೆಂದರು. ವಕೀಲನಾಗಿ ನನಗೆ ಅದು ಸರಿಯೆನಿಸಲಿಲ್ಲ, ನಿರ್ಧಾರ ಮಾತ್ರ ಅವರದು. ಯುವಕ ನನ್ನೆದುರೇ ತನ್ನ ಖಾತೆಯಿಂದ ಆ ಕ್ಯಾಮೆರಾವನ್ನು ತೆಗೆದುಹಾಕಿದ. ಅವನ ಫೋನಿನ ಪಟ್ಟಿಯಲ್ಲಿ ಇನ್ನೂ ಹಲವು ಮನೆಗಳ ಕ್ಯಾಮೆರಾಗಳಿದ್ದವು. ಅವರೆಲ್ಲರಿಗೂ ವಿಷಯ ತಿಳಿಸಿ ಖಾತೆಗಳನ್ನು ಬಿಡಿಸಿಕೊಡುವವರೆಗೆ ನಾನು ಅವನ ಬೆನ್ನು ಬಿಡಲಿಲ್ಲ. ಈ ಲೇಖನ ಬರೆಯಬೇಕೆನಿಸಿದ್ದು ಆ ಪಟ್ಟಿಯನ್ನು ಕಂಡಾಗಲೇ.

ಹೊಸ ಖಾತೆಯನ್ನು ತೆರೆದವಳು ಆ ಹುಡುಗಿ. ಪರದೆಯ ಮೇಲಿನ ಒಂದೊಂದು ಇಂಗ್ಲಿಷ್ ಪದವನ್ನೂ ಕೇಳಿ ತಿಳಿದು, ಅದರ ಅರ್ಥವನ್ನು ನೋಟುಪುಸ್ತಕದ ಕೊನೆಯ ಹಾಳೆಯಲ್ಲಿ ಕನ್ನಡದಲ್ಲಿ ಬರೆದುಕೊಂಡಳು. ಗುಂಟೂರಿನಲ್ಲಿದ್ದ ತಂದೆಯ ಫೋನಿಗೆ ಬಂದ ಒಟಿಪಿಯನ್ನು ಅವನೇ ತನ್ನ ಮಗಳಿಗೆ ಓದಿ ಹೇಳಿದ. ಕ್ಯಾಮೆರಾ ಪಡಸಾಲೆಯಿಂದ ತಲೆಬಾಗಿಲಿನ ಮೇಲಕ್ಕೆ ಹೋಯಿತು. ಅವಳು ಮತ್ತೆ ಪಡಸಾಲೆಯಲ್ಲಿ ಓದಲು ಕೂರುತ್ತಿದ್ದಾಳೆ ಎಂದು ಅಜ್ಜಿ ಮುಂದಿನ ಸಂತೆಯ ದಿನ ಬಂದು ಹೇಳಿದರು.

ನಿಮ್ಮ ಮನೆಯಲ್ಲಿಯೂ ಕ್ಯಾಮೆರಾ ಇದ್ದರೆ, ಈ ಭಾನುವಾರ ಶಾಲೆಗೆ ಹೋಗುವ ಮಕ್ಕಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಖಾತೆಯ ಒಡೆಯರು ಯಾರೆಂದು ಒಮ್ಮೆ ನೋಡಿ. ಹತ್ತು ನಿಮಿಷದ ಕೆಲಸ.