ತಂತಿಗೆ ಕಿವಿಗೊಟ್ಟ ಸುರುಳಿ

ಕಳಸದ ಮಳೆಗಾಲದಲ್ಲಿ ಲೋಹವನ್ನು ಕಾಪಾಡಿಕೊಳ್ಳುವುದು ಸುಲಭವಲ್ಲ. ಕತ್ತಿಗೆ ಎಣ್ಣೆ ಸವರಿ ಗೋಣಿಯಲ್ಲಿ ಸುತ್ತಿಟ್ಟರೂ ಆಷಾಢ ಕಳೆಯುವಷ್ಟರಲ್ಲಿ ಅಲಗಿನ ಮೇಲೆ ತುಕ್ಕು ಕೂತಿರುತ್ತದೆ. ಹಿತ್ತಾಳೆ, ತಾಮ್ರ ಕಿಲುಬು ಹಿಡಿಯುತ್ತವೆ. ಅಂಥ ಊರಿನ ತೋಟದ ಮನೆಯಲ್ಲಿ, ದೊಡ್ಡಮ್ಮನ ಅಟ್ಟದ ಮೇಲೆ, ಕಂಬಳಿ ಹೊದ್ದು ಮಲಗಿದ್ದ ಒಂದು ಎಲೆಕ್ಟ್ರಿಕ್ ಹವಾಯಿಯನ್ ಗಿಟಾರ್ ನನಗೆ ಸಿಕ್ಕಿತು. ಒಳಗಿನ ಚೀಟಿಯಲ್ಲಿ ತಯಾರಕರ ಹೆಸರು ಅಳಿಸಿಹೋಗಿ ಕಲಕತ್ತಾ ಎಂಬ ಊರಿನ ಹೆಸರು ಮಾತ್ರ ಉಳಿದಿತ್ತು. ತೀರಿಹೋದ ದೊಡ್ಡಪ್ಪ ಅದನ್ನು ತೊಡೆಯ ಮೇಲೆ ಅಡ್ಡ ಮಲಗಿಸಿಕೊಂಡು, ವಾಲ್ವ್ ರೇಡಿಯೋದ ಹಿಂಬದಿಯಲ್ಲಿ ಗ್ರಾಮಫೋನಿಗೆಂದು ಇದ್ದ ತೂತಿಗೆ ವೈರು ಸಿಕ್ಕಿಸಿ ನುಡಿಸುತ್ತಿದ್ದರಂತೆ.

"ಅದು ಮಾತಾಡದೆ ಯಾವ ಕಾಲ ಆಯ್ತೋ ಮಾರಾಯ" ಎಂದರು ದೊಡ್ಡಮ್ಮ.

ಮೈ ಗಟ್ಟಿಯಾಗಿತ್ತು. ಬೆರಳುಪಟ್ಟಿಯ ಧೂಳು ಒರೆಸಿದರೆ ಕೆಳಗಿದ್ದದ್ದು ನಮ್ಮದೇ ಬೀಟೆ, ಕಪ್ಪುನೇರಳೆ ಗೆರೆಗಳೊಂದಿಗೆ. ಕಾಫಿ ಗಿಡದ ನೆರಳಿಗೆ ನಿಲ್ಲುವ ಈ ಮರ ಜಗತ್ತಿನ ಗಿಟಾರುಗಳಿಗೆ ಎಷ್ಟು ಬೇಕಾದದ್ದೆಂದರೆ, 2017ರ ಜನವರಿಯಲ್ಲಿ ಇಡೀ ಬೀಟೆ ಕುಲವನ್ನು ಅಂತಾರಾಷ್ಟ್ರೀಯ ವನ್ಯಜೀವಿ ವ್ಯಾಪಾರದ ಒಪ್ಪಂದ ನಿಯಂತ್ರಣಕ್ಕೆ ತಂದಾಗ ಗಿಟಾರ್ ಕಂಪನಿಗಳು ಕಂಗಾಲಾದವು. ಸಿದ್ಧ ವಾದ್ಯಗಳಿಗೆ ವಿನಾಯಿತಿ ಸಿಕ್ಕಿದ್ದು 2019ರ ನವೆಂಬರಿನಲ್ಲಿ. ಅದಿರಲಿ, ಈ ಗಿಟಾರಿನ ತೊಂದರೆ ಇದ್ದದ್ದು ಮರದಲ್ಲಲ್ಲ. ತಂತಿಗಳ ಕೆಳಗೆ, ಕಿರುಬೆರಳಿನಷ್ಟು ಉದ್ದದ ಪೆಟ್ಟಿಗೆಯಲ್ಲಿ, ತಂತಿಯ ಅದುರನ್ನು ವಿದ್ಯುತ್ತಾಗಿಸುವ ಅದರ ಪಿಕಪ್ ಇತ್ತು. ಮಲ್ಟಿಮೀಟರಿನ ಎರಡು ಕಡ್ಡಿಗಳನ್ನು ಅದರ ಎರಡು ತುದಿಗೆ ಮುಟ್ಟಿಸಿದರೆ ಮುಳ್ಳು ಅಲುಗಲಿಲ್ಲ. ಒಳಗೆಲ್ಲೋ ತಂತಿ ಕಡಿದಿತ್ತು.

ಆ ಪುಟ್ಟ ಪೆಟ್ಟಿಗೆ ಹುಟ್ಟಿದ್ದು ಹೇಗೆ ಎಂಬುದನ್ನು ನಾನು ಅದನ್ನು ಬಿಚ್ಚುತ್ತಲೇ ಕಲಿತೆ.

ಹವಾಯಿ ದ್ವೀಪದ ಜೋಸೆಫ್ ಕೆಕುಕು ಎಂಬ ಹುಡುಗ 19ನೇ ಶತಮಾನದ ಕೊನೆಯಲ್ಲಿ ಗಿಟಾರಿನ ತಂತಿಯ ಮೇಲೆ ಲೋಹದ ತುಂಡನ್ನು ಜಾರಿಸಿ ನುಡಿಸುವ ಕ್ರಮ ಕಂಡುಕೊಂಡ ಎನ್ನುತ್ತಾರೆ. 1915ರ ಸ್ಯಾನ್ ಫ್ರಾನ್ಸಿಸ್ಕೋ ಮೇಳದ ನಂತರ ಅಮೆರಿಕದ ಮನೆಮನೆಗೆ ಆ ಜಾರುನಾದ ಹಬ್ಬಿತು. ಆದರೆ ಬ್ಯಾಂಡಿನ ತುತ್ತೂರಿ, ಡ್ರಮ್ಮುಗಳ ನಡುವೆ ಗಿಟಾರು ಕೇಳಿಸುತ್ತಿರಲಿಲ್ಲ. ಟೆಕ್ಸಾಸ್ ಮೂಲದ ಜಾರ್ಜ್ ಬೋಷಾಂಪ್ ಎಂಬ ಕಲಾವಿದನಿಗೆ ಇದೊಂದೇ ಕೊರಗು. ಜಾನ್ ಡೋಪಿಯೆರಾ ಲೋಹದ ತಟ್ಟೆಗಳನ್ನು ಕೂರಿಸಿ ಮಾಡಿಕೊಟ್ಟ ಗಿಟಾರೂ ಅವನಿಗೆ ಸಾಲಲಿಲ್ಲ. ರೇಡಿಯೋ, ಗ್ರಾಮಫೋನುಗಳಿಗೆ ಆಗಲೇ ವಿದ್ಯುತ್ತು ಬಂದಿತ್ತು, ಗಿಟಾರಿಗೆ ಯಾಕೆ ಬರಬಾರದು?

ಅವನಿಗಿಂತ ಮುಂಚೆಯೂ ಪ್ರಯತ್ನಗಳಾಗಿದ್ದವು. ಆದರೆ ಪ್ರಯತ್ನಿಸಿದವರಲ್ಲಿ ಹೆಚ್ಚಿನವರು ಗಿಟಾರಿನ ಮರ ಅದುರುವುದನ್ನು ಹಿಡಿಯಲು ಹೊರಟಿದ್ದರು. ಮೈಕು ಇಟ್ಟರೆ ಊಳಿಡುತ್ತಿತ್ತು, ಹಲಗೆಗೆ ಸಾಧನ ಅಂಟಿಸಿದರೆ ನಾದ ಮಂಕಾಗುತ್ತಿತ್ತು. ಬೋಷಾಂಪ್ ಮರವನ್ನೇ ಲೆಕ್ಕದಿಂದ ಬಿಟ್ಟ. ಅದುರುವುದು ಮೊದಲು ತಂತಿ, ತಂತಿ ಉಕ್ಕಿನದು, ಉಕ್ಕು ಆಯಸ್ಕಾಂತಕ್ಕೆ ಸ್ಪಂದಿಸುತ್ತದೆ. ಹಾಗಾದರೆ ತಂತಿಯ ಮಾತನ್ನು ನೇರ ತಂತಿಯಿಂದಲೇ ಕೇಳಬೇಕು. ನನ್ನ ಮಟ್ಟಿಗೆ ಇಡೀ ಆವಿಷ್ಕಾರ ಇರುವುದು ಈ ಒಂದು ಹೆಜ್ಜೆಯಲ್ಲಿ. ಮೈಕೆಲ್ ಫ್ಯಾರಡೆ 1831ರಲ್ಲೇ ತೋರಿಸಿದ್ದ: ಸುರುಳಿಯ ಮೂಲಕ ಹಾಯುವ ಆಯಸ್ಕಾಂತದ ಬಲ ಏರಿಳಿದರೆ ಸುರುಳಿಯಲ್ಲಿ ವಿದ್ಯುತ್ತು ಹುಟ್ಟುತ್ತದೆ. ಆಯಸ್ಕಾಂತದ ಹತ್ತಿರ ಉಕ್ಕಿನ ತಂತಿ ಸೆಕೆಂಡಿಗೆ 440 ಸಲ ಅಲುಗಿದರೆ ಆ ಬಲವೂ ಅಷ್ಟೇ ಸಲ ಏರಿಳಿಯುತ್ತದೆ, ಸುರುಳಿಯಿಂದ ಹೊರಡುವ ವಿದ್ಯುತ್ತು ಅದೇ ಸ್ವರವನ್ನು ಹೊತ್ತು ಹೋಗುತ್ತದೆ.

ಬೋಷಾಂಪ್ ಗ್ರಾಮಫೋನಿನ ಪಿಕಪ್ ಕಿತ್ತು, ಒಂದು ಮರದ ತುಂಡಿಗೆ ಒಂಟಿ ತಂತಿ ಬಿಗಿದು ಪ್ರಯೋಗ ಮಾಡಿದ. ಸುರುಳಿ ಸುತ್ತಲು ಬಟ್ಟೆ ಒಗೆಯುವ ಯಂತ್ರದ ಮೋಟರನ್ನು ಬಳಸಿದನೆಂದು ಹೇಳುತ್ತಾರೆ. ಕೊನೆಗೆ ನಿಂತದ್ದು ಹೀಗೆ: ಲಾಳಾಕಾರದ ಎರಡು ಆಯಸ್ಕಾಂತಗಳು ತಂತಿಗಳನ್ನು ಕಮಾನಿನಂತೆ ಸುತ್ತುವರಿದಿವೆ, ತಂತಿಗಳ ಕೆಳಗೆ ಆರು ಕಬ್ಬಿಣದ ಮೊಳೆಗಳ ಸುತ್ತ ಸುರುಳಿ. 1931ರಲ್ಲಿ ಹ್ಯಾರಿ ವಾಟ್ಸನ್ ಅದಕ್ಕೆ ಮರದ ಮೈ ಕೆತ್ತಿದ. ಉದ್ದ ಹಿಡಿಕೆ, ದುಂಡು ಮೈ, ನೋಡಲು ಒಗ್ಗರಣೆಯ ಬಾಣಲೆ. ಜನ ಅದನ್ನು ಬಾಣಲೆ ಎಂದೇ ಕರೆದರು. ಅಡಾಲ್ಫ್ ರಿಕನ್‌ಬ್ಯಾಕರ್ ಜತೆ ಸೇರಿ ಬೋಷಾಂಪ್ 1932ರಲ್ಲಿ ಅದನ್ನು ಅಲ್ಯೂಮಿನಿಯಂ ಎರಕದಲ್ಲಿ ಮಾರಾಟಕ್ಕೆ ತಂದ. ಪೇಟೆಂಟಿಗೆ ಅರ್ಜಿ ಹಾಕಿದ್ದು 1934ರ ಜೂನಿನಲ್ಲಿ. ಇದು ನಿಜಕ್ಕೂ ವಾದ್ಯವೇ, ನುಡಿಯುತ್ತದೆಯೇ ಎಂದು ಅಧಿಕಾರಿಗಳಿಗೆ ಅನುಮಾನ. ಕೊನೆಗೆ ಹವಾಯಿಯ ಸಾಲ್ ಹೋಪಿ ಮುಂತಾದ ಕಲಾವಿದರನ್ನು ವಾಷಿಂಗ್ಟನ್ನಿಗೆ ಕಳಿಸಿ ಅಧಿಕಾರಿಗಳೆದುರೇ ನುಡಿಸಿ ತೋರಿಸಬೇಕಾಯಿತು. ಪೇಟೆಂಟು ಕೈಗೆ ಬಂದದ್ದು 1937ರ ಆಗಸ್ಟಿನಲ್ಲಿ, ಅಷ್ಟರಲ್ಲಿ ಬೇರೆಯವರೂ ಪಿಕಪ್ ಮಾಡತೊಡಗಿದ್ದರು. ನಾಲ್ಕು ವರ್ಷಕ್ಕೆ, 1941ರಲ್ಲಿ ಬೋಷಾಂಪ್ ತೀರಿಕೊಂಡ.

ಜಗತ್ತಿಗೆ ಹಾದಿ ತೋರಿದ ಆ ವಿದ್ಯುತ್ ಗಿಟಾರು ತೊಡೆಯ ಮೇಲೆ ಮಲಗಿಸಿ ನುಡಿಸುವಂಥದ್ದು, ದೊಡ್ಡಪ್ಪನದರ ಹಾಗೆಯೇ. ನಮ್ಮ ದೇಶದ ಕಿವಿಗೂ ಅದು ಬೇಗ ಹತ್ತಿತು, ಯಾಕೆಂದರೆ ಜಾರು, ಮೀಂಡು ಅದಕ್ಕೆ ಸಹಜ. ಹವಾಯಿಯ ಟಾವ್ ಮೋ ಕುಟುಂಬ 1940ರ ದಶಕದಲ್ಲಿ ಕಲಕತ್ತೆಯಲ್ಲಿ ನೆಲೆಸಿ ಎಷ್ಟೋ ಜನರಿಗೆ ರುಚಿ ಹತ್ತಿಸಿತು. ವ್ಯಾನ್ ಶಿಪ್ಲೆ ಹಿಂದಿ ಚಿತ್ರಗೀತೆಗಳನ್ನು ಅದರಲ್ಲೇ ನುಡಿಸಿ ಮನೆಮಾತಾದರು. ಬ್ರಿಜ್‌ಭೂಷಣ್ ಕಾಬ್ರಾ ರಾಗಸಂಗೀತಕ್ಕೆ ಒಗ್ಗಿಸಿದರು. ರೇಡಿಯೋ ಅಲೆಗಳು ಘಟ್ಟ ಹತ್ತಿ ಕಳಸದ ತೋಟದ ಮನೆಗೂ ಬಂದವು.

ಮತ್ತೆ ಪಿಕಪ್ಪಿಗೆ ಬರುತ್ತೇನೆ. ಮುಚ್ಚಳ ತೆಗೆದರೆ ಒಳಗೆ ಜೇಡರ ಬಲೆಗಿಂತ ಸ್ವಲ್ಪವೇ ದಪ್ಪಗಿನ ತಾಮ್ರದ ತಂತಿ, ಆಯಸ್ಕಾಂತದ ಕಡ್ಡಿ ತಾಗುವ ಕಡೆಯಲ್ಲೆಲ್ಲ ಹಸಿರು ಕಿಲುಬು. ಕಡ್ಡಿ ತುಕ್ಕು ಹಿಡಿದು ಊದಿ, ಅದನ್ನು ತಬ್ಬಿದ್ದ ಮೊದಲ ಸುತ್ತುಗಳನ್ನೇ ಕಡಿದುಹಾಕಿತ್ತು. ಹಳೇ ಪಿಕಪ್ಪುಗಳು ಸಾಯುವುದು ಸಾಮಾನ್ಯವಾಗಿ ಹೀಗೇ, ತಂತಿ ಶುರುವಾಗುವ ಒಳತುದಿಯಲ್ಲಿ. ಬಿಚ್ಚಿ ಸರಿಮಾಡುವ ಹಾಗಿಲ್ಲ. ಪೂರ್ತಿ ತೆಗೆದು ಹೊಸದಾಗಿ ಸುತ್ತಬೇಕು.

ಕಾಫಿ ಸೀಮೆಯಲ್ಲಿ ಪಂಪ್‌ಸೆಟ್ ಮೋಟರು ಸುಟ್ಟರೆ ಕೊಂಡೊಯ್ಯುವ ವೈಂಡಿಂಗ್ ಅಂಗಡಿಗಳಿವೆ. ಅಂಥ ಒಂದರಲ್ಲಿ ನಾನು ಪಿಕಪ್ಪನ್ನು ಮೇಜಿನ ಮೇಲಿಟ್ಟಾಗ ಅಂಗಡಿಯವರು ಕನ್ನಡಕ ಏರಿಸಿ ಬಹಳ ಹೊತ್ತು ನೋಡಿದರು. "ಇದೂ ಕಾಯಿಲ್ಲೇ ಅಲ್ವಾ ಮಾರಾಯ್ರೆ, ಸಣ್ಣದು ಅಷ್ಟೆ" ಎಂದರು. ಅವರ ಸ್ಕ್ರೂಗೇಜಿನಲ್ಲಿ ತಂತಿ 0.06 ಮಿಲಿಮೀಟರ್ ತೋರಿಸಿತು, ತಲೆಗೂದಲಿಗಿಂತ ತೆಳು. ನಮ್ಮ ಲೆಕ್ಕದಲ್ಲಿ 46 ಗೇಜು, ಅಮೆರಿಕದವರ 42 ಗೇಜಿಗೆ ಹತ್ತಿರ. ಎಷ್ಟು ಸುತ್ತು ಇತ್ತೆಂದು ತಿಳಿಯಬೇಕಲ್ಲ? ಎಣಿಸುತ್ತ ಬಿಚ್ಚೋಣವೆಂದರೆ ಪ್ರತಿ ಗೇಣಿಗೂ ತುಂಡಾಗುತ್ತಿತ್ತು. ಉಪಾಯ ಹೇಳಿದ್ದು ಅವರೇ. ಹಳೇ ತಾಮ್ರವನ್ನಷ್ಟೂ ಕೆರೆದು ಕಾಗದದಲ್ಲಿ ಕಟ್ಟಿ ಅಕ್ಕಸಾಲಿಗರ ತಕ್ಕಡಿಗೆ ಹಾಕಿಸಿದೆವು. 30 ಗ್ರಾಮಿನ ಆಸುಪಾಸು. ದಪ್ಪ ಗೊತ್ತು, ತೂಕ ಗೊತ್ತು, ಅಲ್ಲಿಗೆ ಉದ್ದ ಗೊತ್ತಾಯಿತು: ಒಂದು ಕಿಲೋಮೀಟರಿಗೂ ತುಸು ಹೆಚ್ಚು. ಅಷ್ಟುದ್ದದ ತಂತಿ ಆ ಕಿರುಬೆರಳಿನ ಜಾಗದಲ್ಲಿ ಸುಮಾರು 7,800 ಸುತ್ತಾಗಿ ಕೂತಿತ್ತು.

ಬೆಂಗಳೂರಿನ ಎಸ್.ಪಿ. ರೋಡಿನಿಂದ ತಂತಿ ತರಿಸಿದೆವು. ಹೊಲಿಗೆ ಯಂತ್ರದ ಮೋಟರಿಗೆ ಪಿಕಪ್ಪಿನ ಮೈ ಸಿಕ್ಕಿಸಿ ಪಕ್ಕದಲ್ಲಿ ಎಣಿಕೆಯ ಮೀಟರು ಇಟ್ಟರು. ಮೊದಲ ಸಲ 2,000 ಸುತ್ತು ದಾಟುವಷ್ಟರಲ್ಲಿ ತಂತಿ ಪಟ್ಟೆಂದಿತು. ಮೋಟರಿನ ದಪ್ಪ ತಂತಿಯನ್ನು ಬಿಗಿಯುವ ಕೈಗೆ ಈ ಎಳೆಯ ತಾಳ್ಮೆ ಬೇರೆ. ಎರಡನೇ ಸಲ ಹಳೇ ಪಂಚೆಯ ತುಂಡನ್ನು ಮಡಚಿ ಅದರ ನಡುವೆ ತಂತಿ ಹಾಯಿಸಿ, ಎರಡು ಬೆರಳಿನಲ್ಲಿ ಹೂವಿನ ಎಸಳು ಹಿಡಿದಂತೆ ಹಿಡಿದರು. ತಂತಿ ಸಾಲುಸಾಲಾಗಿ ಕೂರದೆ ಅಲ್ಲಿ ಇಲ್ಲಿ ಅಡ್ಡಾದಿಡ್ಡಿ ಓಡುತ್ತಿತ್ತು, ಅವರು ಬೇಸರಪಟ್ಟರು. ನಾನು ಬೇಡವೆಂದೆ, ಹಾಗೇ ಬಿಡಿ ಎಂದೆ. ಸುತ್ತುಗಳು ಒತ್ತಾಗಿ ಕೂತಷ್ಟೂ ಅವುಗಳ ನಡುವೆ ಕೆಪಾಸಿಟೆನ್ಸ್ ಹೆಚ್ಚಿ ಮೇಲಿನ ಸ್ವರಗಳ ಹೊಳಪು ಸೋರಿಹೋಗುತ್ತದೆ. ಕೈಯಲ್ಲಿ ಸಡಿಲವಾಗಿ ಸುತ್ತಿದ ಹಳೇ ಪಿಕಪ್ಪುಗಳ ತಿಳಿಯಾದ ನಾದಕ್ಕೆ ಆ ಅಡ್ಡಾದಿಡ್ಡಿಯೂ ಒಂದು ಕಾರಣ.

ಹಳೇ ಗಿಟಾರಿನ ನಾದವೆಂದು ಜನ ಲಕ್ಷಾಂತರ ಸುರಿಯುತ್ತಾರಲ್ಲ, ಅದರ ಗುಟ್ಟು ಹುಡುಕಿದರೆ ಸಿಗುವುದು ಕಾರ್ಖಾನೆಯ ದಿನನಿತ್ಯದ ಇಕ್ಕಟ್ಟುಗಳು. ಗಿಬ್ಸನ್ ಕಂಪನಿಯ ಸೆತ್ ಲವರ್ ಎಂಬ ಎಂಜಿನಿಯರನ ಕತೆಯೇ ಸಾಕು. ಒಂಟಿ ಸುರುಳಿ ತಂತಿಯ ಮಾತನ್ನಷ್ಟೇ ಕೇಳಿಸಿಕೊಳ್ಳುವುದಿಲ್ಲ, ಸುತ್ತಲಿನ ಟ್ಯೂಬ್‌ಲೈಟು, ಟ್ರಾನ್ಸ್‌ಫಾರ್ಮರುಗಳ ಗುಂಯ್‌ಗುಟ್ಟುವಿಕೆಯನ್ನೂ ಎಳೆದುಕೊಳ್ಳುತ್ತದೆ. ಆಂಪ್ಲಿಫೈಯರಿನ ಗುಂಯ್ ತಗ್ಗಿಸಲು ಬಳಸುತ್ತಿದ್ದ ಸುರುಳಿಯೊಂದು ಲವರನಿಗೆ ಗೊತ್ತಿತ್ತು. ಅದೇ ಯುಕ್ತಿ ಪಿಕಪ್ಪಿಗೆ ಯಾಕಾಗಬಾರದು ಎಂದುಕೊಂಡ. ಎರಡು ಸುರುಳಿ ಅಕ್ಕಪಕ್ಕ, ಒಂದಕ್ಕೊಂದು ವಿರುದ್ಧವಾಗಿ ಜೋಡಿಸಿದವು, ಅವುಗಳ ಆಯಸ್ಕಾಂತದ ಧ್ರುವಗಳೂ ಅದಲುಬದಲು. ಹೊರಗಿನ ಗುಂಯ್ ಎರಡರಲ್ಲೂ ಹುಟ್ಟಿ ಒಂದನ್ನೊಂದು ಅಳಿಸುತ್ತದೆ, ತಂತಿಯ ನಾದ ಮಾತ್ರ ಎರಡರಿಂದಲೂ ಕೂಡಿಕೊಳ್ಳುತ್ತದೆ. ಅರ್ಜಿ ಹಾಕಿದ್ದು 1955ರಲ್ಲಿ, ಪೇಟೆಂಟು ಸಿಕ್ಕಿದ್ದು 1959ರಲ್ಲಿ. ಅದೇ ಹೊತ್ತಿಗೆ ಇಲಿನಾಯ್ ರಾಜ್ಯದ ರೇ ಬಟ್ಸ್ ಸ್ವತಂತ್ರವಾಗಿ ಇದನ್ನೇ ಕಂಡುಕೊಂಡಿದ್ದ.

ಆ ಕಾಲದ ಗಿಬ್ಸನ್ ಪಿಕಪ್ಪಿನ ತಳಕ್ಕೆ ಪೇಟೆಂಟಿಗೆ ಅರ್ಜಿ ಹಾಕಿದೆ ಎಂಬ ಪುಟ್ಟ ಚೀಟಿ ಅಂಟಿಸಿರುತ್ತಿತ್ತು. ಸುರುಳಿಗೆ 5,000 ಸುತ್ತೆಂದು ಲೆಕ್ಕ, ಆದರೆ ಸುತ್ತುವ ಯಂತ್ರ ತಾನಾಗಿ ನಿಲ್ಲುತ್ತಿರಲಿಲ್ಲ, ತುಂಬಿದ ಹಾಗೆ ಕಂಡಾಗ ಕೆಲಸದವರು ನಿಲ್ಲಿಸುತ್ತಿದ್ದರು. ಹಾಗಾಗಿ ಒಂದು ಪಿಕಪ್ಪಿನ ರೋಧ 7 ಕಿಲೋಓಮ್ ಇದ್ದರೆ ಇನ್ನೊಂದರದು 9. ಆಯಸ್ಕಾಂತವೂ ದಾಸ್ತಾನಿನಲ್ಲಿ ಯಾವುದಿತ್ತೋ ಅದು. ಕಪ್ಪು ಪ್ಲಾಸ್ಟಿಕ್ಕು ಮುಗಿದಾಗ ಕೆನೆಬಣ್ಣದ್ದು. ಎರಡು ಸುರುಳಿಗಳ ಸುತ್ತು ಸರಿಸಮ ಆಗದೇ ಇದ್ದುದರಿಂದ ಗುಂಯ್ ಪೂರ್ತಿ ಅಳಿಯಲಿಲ್ಲ, ಬದಲಿಗೆ ನಾದಕ್ಕೆ ಒಂದು ಸ್ಪಷ್ಟತೆ ಬಂತು. ಆ ಪಿಕಪ್ಪಿದ್ದ 1958ರಿಂದ 60ರ ಲೆಸ್ ಪಾಲ್ ಗಿಟಾರುಗಳು ಆಗ ಸರಿಯಾಗಿ ಮಾರಾಟವೇ ಆಗದೆ ನಿಂತುಹೋದವು. 1966ರಲ್ಲಿ ಎರಿಕ್ ಕ್ಲ್ಯಾಪ್ಟನ್ ಅಂಥ ಗಿಟಾರನ್ನು ಜಾನ್ ಮೇಯಲ್ ಜತೆಯ ಆಲ್ಬಮ್ಮಿನಲ್ಲಿ ನುಡಿಸಿದ ಮೇಲೆ ಜನ ಅವನ್ನು ಹುಡುಕಿಕೊಂಡು ಹೊರಟರು.

ಹಾಳಾದ ಪಿಕಪ್ಪನ್ನು ಕೈಯಾರೆ ಸುತ್ತಿ ಬದುಕಿಸುವ ವಿದ್ಯೆಯೂ ಇಂಥದ್ದೇ ಇಕ್ಕಟ್ಟಿನಲ್ಲಿ ಬೆಳೆಯಿತು. ನ್ಯೂಜೆರ್ಸಿಯ ಸೀಮೋರ್ ಡಂಕನ್ ಹುಡುಗನಾಗಿದ್ದಾಗ ತನ್ನ ಟೆಲಿಕ್ಯಾಸ್ಟರ್ ಗಿಟಾರಿನ ಪಿಕಪ್ ಕೆಟ್ಟು, ನಿಮಿಷಕ್ಕೆ 33 ಸುತ್ತು ತಿರುಗುವ ರೆಕಾರ್ಡ್ ಪ್ಲೇಯರಿನ ಮೇಲೆ ಕೂರಿಸಿ ಮತ್ತೆ ಸುತ್ತಿದ. ಆ ವೇಗದಲ್ಲಿ ಸಾವಿರಾರು ಸುತ್ತು! ಮುಂದೆ ಅವನ ಹೆಸರಿನ ಕಂಪನಿಯೇ ಜಗತ್ತಿಗೆಲ್ಲ ಪಿಕಪ್ ಕೊಟ್ಟಿತು. ಹೊಲಿಗೆ ಯಂತ್ರದ ಮೋಟರು ಗಿರಗಿರ ತಿರುಗುವಾಗ ನನಗೆ ಅವನ ನೆನಪೇ ಆಗುತ್ತಿತ್ತು.

7,800ಕ್ಕೆ ನಿಲ್ಲಿಸಿದೆವು. ಮೀಟರು 6.4 ಕಿಲೋಓಮ್ ತೋರಿಸಿತು. ಇನ್ನು ಮೇಣ. ಸುತ್ತುಗಳ ನಡುವೆ ಗಾಳಿ ಉಳಿದರೆ ಒಳಗೆ ತಂತಿ ಅದುರಿ ಪಿಕಪ್ ಕಿರುಚುತ್ತದೆ, ತೇವವೂ ನುಗ್ಗುತ್ತದೆ. ನಾಲ್ಕು ಪಾಲು ಮೇಣದಬತ್ತಿಯ ಮೇಣಕ್ಕೆ ಒಂದು ಪಾಲು ಜೇನುಮೇಣ ಬೇಕು. ಜೇನುಮೇಣ ದೊಡ್ಡಮ್ಮನ ಮನೆಯಲ್ಲೇ ಇತ್ತು, ತೋಟದ ಪೆಟ್ಟಿಗೆಜೇನಿನದು. ಬಿಸಿನೀರಿನ ಪಾತ್ರೆಯೊಳಗೆ ಇನ್ನೊಂದು ಪಾತ್ರೆ ಇಟ್ಟು ಕರಗಿಸಿ, 65 ಡಿಗ್ರಿ ಮೀರದಂತೆ ನೋಡಿಕೊಂಡು ಸುರುಳಿಯನ್ನು ಮುಳುಗಿಸಿದೆ. ಸಣ್ಣ ಸಣ್ಣ ಗುಳ್ಳೆಗಳು ಎದ್ದವು. ಒಳಗಿದ್ದ ಗಾಳಿ ಹೊರಬರುತ್ತಿತ್ತು. ಗುಳ್ಳೆ ನಿಲ್ಲುವವರೆಗೆ ಕಾಯ್ದೆ. ಅಡುಗೆಮನೆ ತುಂಬ ಜೇನಿನ ಘಮ.

ಅಂಗಡಿಯವರಿಗೆ ಲವರನ ಯುಕ್ತಿ ವಿವರಿಸಿದ್ದೆ. "ಹಾಗಿದ್ರೆ ಪಕ್ಕದಲ್ಲಿ ಇನ್ನೊಂದು ಸುತ್ತಿಕೊಡ್ತೇನೆ, ಆ ಗುಂಯ್ ಹೋಗ್ತದಲ್ಲ" ಎಂದು ಪ್ರೀತಿಯಿಂದಲೇ ಕೇಳಿದ್ದರು. ನಾನು ಒಪ್ಪಲಿಲ್ಲ. ಒಂಟಿ ಸುರುಳಿ ತಂತಿಯ ಒಂದೇ ಜಾಗಕ್ಕೆ ಕಿವಿಗೊಡುತ್ತದೆ, ಜೋಡಿ ಸುರುಳಿ ಎರಡು ಜಾಗಕ್ಕೆ. ಎರಡರ ನಾದ ಬೇರೆ. ದೊಡ್ಡಪ್ಪನ ಕೈಯಲ್ಲಿದ್ದದ್ದು ಒಂಟಿ ಸುರುಳಿಯದು. ಸುತ್ತಿನ ಸಂಖ್ಯೆ, ಗೇಜು, ತಿಂಗಳು, ವರ್ಷವನ್ನು ಪಿಕಪ್ಪಿನ ತಳದಲ್ಲಿ ಪೆನ್ಸಿಲ್ಲಿನಲ್ಲಿ ಬರೆದು ಕೂರಿಸಿದೆ, ಮುಂದೆ ಬಿಚ್ಚುವವರು ತಕ್ಕಡಿ ಹುಡುಕದಿರಲಿ ಎಂದು.

ಸಂಜೆ ಜಗಲಿಯಲ್ಲಿ ಚಿಕ್ಕ ಆಂಪ್ಲಿಫೈಯರಿಗೆ ವೈರು ಸಿಕ್ಕಿಸಿದೆ. ಹೊರಗೆ ಮಳೆ. ಗುಂಡಿ ತಿರುಗಿಸುತ್ತಲೇ ಗುಂಯ್ ಎಂದು ಶುರುವಾಯಿತು. ನಮ್ಮ ಕರೆಂಟಿನ 50 ಸೈಕಲ್ಲಿನ ಆ ಸ್ವರ ಮಂದ್ರದ ಯಾವ ಮನೆಗೂ ಸರಿಯಾಗಿ ಕೂರುವುದಿಲ್ಲ. ತಂತಿಯ ಮೇಲೆ ಅಂಗೈ ಇಟ್ಟೆ, ಮೈ ಮುಟ್ಟಿದೊಡನೆ ಅದು ಅರ್ಧಕ್ಕೆ ತಗ್ಗಿತು. ಇನ್ನೂ ಒಂದು ತಂತಿಯನ್ನೂ ಮೀಟಿರಲಿಲ್ಲ, ಅಷ್ಟರಲ್ಲಿ ಒಳಗಿನಿಂದ ದೊಡ್ಡಮ್ಮನ ದನಿ ಕೇಳಿತು.

"ಅದೇ ಮಾರಾಯ! ಅವ್ರು ನುಡಿಸುವ ಮುಂಚೆ ಹೀಗೇ ಗುಂಯ್ ಅಂತಿತ್ತು. ಅದು ಕೇಳಿದ್ರೆ ನಾನು ಒಲೆ ಸಣ್ಣ ಮಾಡಿ ಬರ್ತಿದ್ದೆ."

ಬಂದು ಕಂಬಕ್ಕೆ ಒರಗಿ ಕುಳಿತರು.