ಮಾತು ಮರೆತ ಯಂತ್ರಗಳು

ತಿಂಥಣಿಯ ಸೇತುವೆಯ ಮೇಲೆ ನಿಂತು ಕೃಷ್ಣೆಯನ್ನು ನೋಡಿದವರಿಗೆ ಆ ಹೊಳೆಗೆ ಎರಡು ಮುಖಗಳುಂಟೆಂಬುದು ಗೊತ್ತು. ಬೇಸಗೆಯಲ್ಲಿ ಬಂಡೆಗಳ ನಡುವೆ ಹುದುಗಿ ಹರಿಯುವ ಅದೇ ನೀರು, ಮಳೆಗಾಲದಲ್ಲಿ ಮೇಲಣ ನಾರಾಯಣಪುರದ ಬಸವಸಾಗರದ ಬಾಗಿಲುಗಳು ತೆರೆದವೆಂದರೆ, ದಡದ ಹೊಲಗಳನ್ನೆಲ್ಲ ಒಂದೇ ರಾತ್ರಿಯಲ್ಲಿ ತನ್ನದಾಗಿ ಮಾಡಿಕೊಳ್ಳುತ್ತದೆ. 2019ರ ಆಗಸ್ಟಿನಲ್ಲಿ ಹಾಗೆಯೇ ಆಯಿತು. ಅಣೆಕಟ್ಟಿನಿಂದ ಹೊರಬಿದ್ದ ನೀರು ಆರು ಲಕ್ಷ ಕ್ಯೂಸೆಕ್ಸಿನ ಆಸುಪಾಸಿನಲ್ಲಿತ್ತು. ಶಹಾಪುರ ತಾಲ್ಲೂಕಿನ ಕೊಳ್ಳೂರಿನ ಸೇತುವೆ ನೀರಿನಡಿಗೆ ಹೋಯಿತು. ಸುರಪುರ ತಾಲ್ಲೂಕಿನ ನೀಲಕಂಠರಾಯನಗಡ್ಡಿಯಂತೂ ಇಂಥ ಮಹಾಪೂರಗಳಲ್ಲಿ ಹೊರಲೋಕದ ನಂಟನ್ನೇ ಕಳೆದುಕೊಂಡು ನಡುನೀರಿನಲ್ಲಿ ಒಂಟಿಯಾಗಿ ಕುಳಿತುಬಿಡುವ ಊರು.

ಆ ದಿನಗಳ ಒಂದು ಸಂಜೆ ನಾನು ಸುರಪುರದ ನನ್ನ ಕೋಣೆಯಲ್ಲಿ ಮೊಬೈಲು ಹಿಡಿದುಕೊಂಡು ಕುಳಿತಿದ್ದೆನು. ತಿಂಥಣಿಯ ಕಡೆಯಿಂದ ಕಾಲೇಜಿಗೆ ಬರುವ ನಾಲ್ಕೈದು ಮಂದಿ ವಿದ್ಯಾರ್ಥಿಗಳಲ್ಲಿ ಒಬ್ಬನಿಗೂ ಕರೆ ಹೋಗಲೊಲ್ಲದು. ಅಲ್ಲಿ ಕರೆಂಟು ಹೋಗಿತ್ತು. ಕರೆಂಟಿನ ಬೆನ್ನಿಗೇ ಟವರೂ ಸುಮ್ಮನಾಗಿತ್ತು. ಮೂರನೆಯ ದಿನ ಅವರಲ್ಲೊಬ್ಬನು ಒದ್ದೆಯಾದ ಚೀಲದೊಡನೆ ಬಾಗಿಲಲ್ಲಿ ಬಂದು ನಿಂತಾಗಲೇ ನನಗೆ ನೆಮ್ಮದಿ. ಚಹ ಕುಡಿಯುತ್ತ ಅವನು ಒಂದು ಪ್ರಶ್ನೆಯನ್ನು ಹಾಕಿದನು.

“ಸರ, ಹೊಳಿ ದಂಡ್ಯಾಗ ಪೊಲೀಸರ ವಾಕಿಟಾಕಿ ಮಾತಾಡ್ಲಿಕ್ಕತ್ತಿತ್ತು. ನಮ್ಮ ಫೋನು ಯಾವೂ ನಡೀಲಿಲ್ಲ. ಅದಕ್ಕ ಟವರ್ ಬ್ಯಾಡೇನ್ರಿ?”

ಬೇಡ. ಎರಡು ಸೆಟ್ಟುಗಳು ಒಂದೇ ಕಂಪನಾಂಕದಲ್ಲಿ ನಿಂತರೆ ನಡುವೆ ಯಾವ ಮಧ್ಯವರ್ತಿಯೂ ಇಲ್ಲದೆ ಒಂದರೊಡನೊಂದು ಮಾತನಾಡಬಲ್ಲವು. ಇಷ್ಟನ್ನು ಹೇಳಿ ಅವನನ್ನು ಕಳುಹಿಸಿದೆನಾದರೂ, ನನ್ನ ಮನಸ್ಸು ಮಂಚದ ಕೆಳಗಿನ ಟ್ರಂಕಿನ ಕಡೆಗೇ ಹೋಯಿತು. ಅದರಲ್ಲಿ ಅಂಥ ಮೂರು ಸೆಟ್ಟುಗಳು ಒಂದು ವರ್ಷದಿಂದ ಹಳೆಯ ಪಂಚೆಯಲ್ಲಿ ಸುತ್ತಿಸಿಕೊಂಡು ಮಲಗಿದ್ದವು.

ಕನ್ನಡ ಎಂ.ಎ. ಓದಿದವನ ಮನೆಯಲ್ಲಿ ಇವುಗಳಿಗೇನು ಕೆಲಸವೆಂದು ವಾಚಕರು ಕೇಳಬಹುದು. ನಾನು ಪರವಾನಗಿ ಪಡೆದ ಹವ್ಯಾಸಿ ರೇಡಿಯೋ ಬಳಗದವನು. ‘ಹ್ಯಾಮ್’ ಎಂದು ಜನ ಕರೆಯುವ ಈ ಹವ್ಯಾಸಕ್ಕೆ ವಿಜ್ಞಾನದ ಪದವಿಯೇ ಬೇಕೆಂದಿಲ್ಲ. ಹನ್ನೆರಡು ವರ್ಷ ತುಂಬಿದ ಯಾರೂ ಸರ್ಕಾರದ ಪರೀಕ್ಷೆಗೆ ಕುಳ್ಳಿರಬಹುದು. ಅಷ್ಟಕ್ಕೂ 1935ರಲ್ಲಿ ಮೈಸೂರಿನ ತಮ್ಮ ಮನೆಯಲ್ಲಿ ಬಾನುಲಿ ಕೇಂದ್ರವನ್ನು ತೆರೆದ ಡಾ. ಎಂ. ವಿ. ಗೋಪಾಲಸ್ವಾಮಿಯವರು ಮನೋವಿಜ್ಞಾನದ ಅಧ್ಯಾಪಕರು. ಇಡೀ ದೇಶದ ಬಾನುಲಿಗೆ ‘ಆಕಾಶವಾಣಿ’ ಎಂಬ ಚೆಲುವಾದ ಹೆಸರು ದೊರೆತದ್ದು ಆ ಕೇಂದ್ರದಿಂದ. ಸಹೋದ್ಯೋಗಿಗಳು ನಕ್ಕಾಗಲೆಲ್ಲ ನಾನು ಅವರ ಹೆಸರಿನ ಮರೆಗೆ ಹೋಗುತ್ತೇನೆ.

ಸೆಟ್ಟುಗಳನ್ನು ನನಗೆ ಕೊಟ್ಟವರು ರಾಯಚೂರಿನ ಹಿರಿಯ ಹವ್ಯಾಸಿಯೊಬ್ಬರು. ಮೂರೂ ಮೋಟರೋಲಾ ಸಂಸ್ಥೆಯ ಜಿ.ಪಿ. 300 ಮಾದರಿಯವು, 1990ರ ದಶಕದ ಗಟ್ಟಿಮುಟ್ಟಾದ ಸರಕು. ಕೈತಪ್ಪಿ ಬಿದ್ದರೆ ನೆಲಕ್ಕೇ ಪೆಟ್ಟಾದೀತು. ಮೂರನೆಯದು ಅವರು ಸ್ವತಃ ಬಳಸುತ್ತಿದ್ದ ಸೆಟ್ಟು. ಅದರ ಬೆನ್ನಿನ ಮೇಲೆ ಅವರದೇ ಅಕ್ಷರದಲ್ಲಿ ಅವರ ಕರೆಹೆಸರನ್ನು ಬರೆದ ಚೀಟಿ ಅಂಟಿತ್ತು. ಕೊಡುವಾಗ ಅವರು ಹೇಳಿದ್ದು ಒಂದೇ ಮಾತು: “ಮಾಸ್ತರ, ಮೊದಲ ಓದ್ರಿ, ಆಮ್ಯಾಲ ಬರೀರಿ.” ಸಾಹಿತ್ಯದ ಅಧ್ಯಾಪಕನೆಂದು ನನ್ನನ್ನು ಛೇಡಿಸುತ್ತಿದ್ದಾರೆಂದು ಆಗ ತಿಳಿದಿದ್ದೆನು. ಅದು ಛೇಡನೆಯಾಗಿರಲಿಲ್ಲ.

ಇದಕ್ಕಿಂತ ಹಿಂದಿನ ತಲೆಮಾರಿನ ಸೆಟ್ಟುಗಳಲ್ಲಿ ಪ್ರತಿಯೊಂದು ಚಾನೆಲ್ಲಿಗೂ ಸ್ಫಟಿಕದ ತುಣುಕುಗಳಿರುತ್ತಿದ್ದವು; ಕಳುಹಿಸಲು ಒಂದು, ಕೇಳಲು ಇನ್ನೊಂದು. ಕಂಪನಾಂಕವನ್ನು ಬದಲಿಸಬೇಕಾದರೆ ಹರಳನ್ನೇ ಬದಲಿಸಬೇಕು. ಜಿ.ಪಿ. 300ರ ಕಾಲಕ್ಕೆ ಹರಳುಗಳ ಬದಲು ಒಂದು ನೆನಪಿನ ಚಿಪ್ಪು ಬಂದಿತು. ಯಾವ ಚಾನೆಲ್ಲಿಗೆ ಯಾವ ಕಂಪನಾಂಕ, ಎಷ್ಟು ಶಕ್ತಿ, ಒಬ್ಬನು ಎಷ್ಟು ಹೊತ್ತು ಗುಂಡಿ ಒತ್ತಿ ಮಾತನಾಡಬಹುದು—ಎಲ್ಲವೂ ಆ ಚಿಪ್ಪಿನಲ್ಲಿ ಬರೆದಿರುತ್ತವೆ. ಈ ಬರಹದ ಕಂತೆಗೆ ‘ಕೋಡ್‌ಪ್ಲಗ್’ ಎಂದು ಹೆಸರು. ಸೆಟ್ಟಿಗೆ ಅಂಕಿಗಳ ಕೀಲಿಮಣೆಯಿಲ್ಲ; ಇರುವುದು ಒಂದೆರಡು ತಿರುಗುಗುಂಡಿ ಮಾತ್ರ. ಆದುದರಿಂದ ಕೋಡ್‌ಪ್ಲಗ್ಗನ್ನು ತಿದ್ದಬೇಕಾದರೆ ಗಣಕಯಂತ್ರವೇ ಬೇಕು, ಅದಕ್ಕೆಂದೇ ಮಾಡಿದ ತಂತ್ರಾಂಶವೂ ಬೇಕು.

ತೊಡಕು ಶುರುವಾಗುವುದು ಇಲ್ಲಿಂದ. ಆ ತಂತ್ರಾಂಶ ಡಾಸ್ ಕಾಲದ್ದು. ಇಂದಿನ ಲ್ಯಾಪ್‌ಟಾಪಿಗೆ ಅದರ ಪರಿಚಯವೇ ಇಲ್ಲ. ಅದು ಹುಡುಕುವ ಒಂಬತ್ತು ಸೂಜಿಗಳ ಹಳೆಯ ಪೋರ್ಟು ಈಗಿನ ಯಂತ್ರಗಳಲ್ಲಿ ಕಾಣುವುದು ಅಪೂರ್ವ. ಯುಎಸ್‌ಬಿಗೆ ಸಿಕ್ಕಿಸುವ ಪರಿವರ್ತಕ ತಂದರೂ ಡಾಸ್ ಅದನ್ನು ಗುರುತಿಸಲೊಲ್ಲದು. 2019ರ ಡಿಸೆಂಬರಿನಲ್ಲಿ ಬೆಂಗಳೂರಿಗೆ ಹೋದಾಗ ಎಸ್. ಪಿ. ರಸ್ತೆಯ ಅಂಗಡಿಗಳನ್ನು ಅಲೆದು, ಫ್ಲಾಪಿ ನುಂಗುವ ಒಂದು ಮುದಿ ಲ್ಯಾಪ್‌ಟಾಪನ್ನು ಕೊಂಡುತಂದೆನು. ಅಂಗಡಿಯವನು ನನ್ನನ್ನು ನೋಡಿದ ನೋಟದಲ್ಲಿ ಕನಿಕರವಿತ್ತು.

ಪೋರ್ಟು ಸಿಕ್ಕಿದರೂ ನೇರವಾಗಿ ತಂತಿ ಎಳೆಯುವಂತಿಲ್ಲ. ಗಣಕದ ಆ ಪೋರ್ಟು ಹನ್ನೆರಡು ವೋಲ್ಟಿನ ಆಸುಪಾಸಿನಲ್ಲಿ, ಧನವೂ ಋಣವೂ ಆಗಿ ತೂಗಾಡುತ್ತ ಮಾತನಾಡುತ್ತದೆ. ಸೆಟ್ಟು ಐದು ವೋಲ್ಟಿನ ಮೆಲುದನಿಯದು. ಇಬ್ಬರ ನಡುವೆ ಒಬ್ಬ ದುಭಾಷಿ ಬೇಕು. ‘ರಿಬ್’ ಎಂಬ ಪುಟ್ಟ ಪೆಟ್ಟಿಗೆಯ ಕೆಲಸ ಅದೇ. ಕಂಪನಿಯ ಪೆಟ್ಟಿಗೆ ದುಬಾರಿ. ಹವ್ಯಾಸಿಗಳು ಮ್ಯಾಕ್ಸ್ 232 ಎಂಬ ಅಗ್ಗದ ಚಿಪ್ಪಿನಿಂದ ಅದನ್ನು ಮನೆಯಲ್ಲೇ ಕಟ್ಟಿಕೊಳ್ಳುತ್ತಾರೆ. ನಾನೂ ಸಾಬೂನಿನ ಡಬ್ಬಿಯೊಂದರಲ್ಲಿ ಕಟ್ಟಿದೆನು. ಬೆಸುಗೆ ಹಾಕುವಾಗ ಎರಡು ಬೆರಳು ಸುಟ್ಟುಕೊಂಡದ್ದನ್ನು ಲೆಕ್ಕಕ್ಕೆ ಹಿಡಿಯಬಾರದು.

ಎಲ್ಲಕ್ಕಿಂತ ವಿಚಿತ್ರವಾದ ತೊಂದರೆ ವೇಗದ್ದು. ಕಣ್ಣಾಮುಚ್ಚಾಲೆಯಾಡುವಾಗ ನೂರು ಎಣಿಸಿ ಕಣ್ಣು ಬಿಡಬೇಕೆಂಬ ಕಟ್ಟಳೆ ಉಂಟಷ್ಟೆ. ನಿಧಾನವಾಗಿ ಎಣಿಸುವ ಹುಡುಗನಾದರೆ ಉಳಿದವರಿಗೆ ಅಡಗಿಕೊಳ್ಳಲು ವೇಳೆ ಸಿಗುತ್ತದೆ. ಗಡಬಡಿಸಿ ಎಣಿಸಿದರೆ ಯಾರೂ ಅಡಗಿರುವುದಿಲ್ಲ, ಆಟ ಕೆಟ್ಟಿತು. ಆ ಕಾಲದ ತಂತ್ರಾಂಶವೂ ಗಡಿಯಾರವನ್ನು ನೋಡದೆ ಹೀಗೆಯೇ ಎಣಿಸಿ ಕಾಯುತ್ತದೆ. 386, 486 ಎಂಬ ಹಳೆಯ ಗಣಕಗಳ ಎಣಿಕೆಗೆ ಅದು ಹೊಂದಿಕೊಂಡಿದೆ. ಅನಂತರದ ಗಣಕಗಳು ಆ ಎಣಿಕೆಯನ್ನು ಕಣ್ಣೆವೆಯಿಕ್ಕುವುದರೊಳಗೆ ಮುಗಿಸಿ, ಸೆಟ್ಟು ಉತ್ತರ ಕೊಡುವ ಮೊದಲೇ ‘ಉತ್ತರವಿಲ್ಲ’ ಎಂದು ಗದರುತ್ತವೆ. ಅದಕ್ಕಾಗಿ ಗಣಕವನ್ನು ಬೇಕೆಂದೇ ಮಂದಗೊಳಿಸುವ ‘ಮೋಸ್ಲೋ’ ಎಂಬ ಇನ್ನೊಂದು ತಂತ್ರಾಂಶವುಂಟು. ಜಗತ್ತೆಲ್ಲ ವೇಗಕ್ಕಾಗಿ ಹಣ ಚೆಲ್ಲುತ್ತಿರುವಾಗ ನಾನು ಮುದಿ ಲ್ಯಾಪ್‌ಟಾಪನ್ನು ಇನ್ನಷ್ಟು ಮುದಿಯಾಗಿಸಲು ಎರಡು ರಾತ್ರಿ ನಿದ್ದೆಗೆಟ್ಟೆನು.

ಇದೆಲ್ಲ ನಡೆದದ್ದು 2020ರ ಬೇಸಗೆಯಲ್ಲಿ, ಕಾಲೇಜುಗಳು ಮುಚ್ಚಿ ಎಲ್ಲರೂ ಮನೆಯಲ್ಲಿ ಬಂದಿಗಳಾಗಿದ್ದಾಗ. ಸೆಟ್ಟು ಕೊಟ್ಟ ಹಿರಿಯರು ಅಷ್ಟರಲ್ಲಿ ತೀರಿಕೊಂಡಿದ್ದರು. ಕೇಳಲು ಅವರಿಲ್ಲ.

ಮೊದಲನೆಯ ಸೆಟ್ಟನ್ನು ಸಾವಧಾನದಿಂದ ಮಾಡಿದೆನು: ಕೋಡ್‌ಪ್ಲಗ್ಗನ್ನು ಓದಿದೆನು, ಫ್ಲಾಪಿಯಲ್ಲಿ ಉಳಿಸಿದೆನು, ತಿದ್ದಿದೆನು, ಮರಳಿ ಬರೆದೆನು. ಅದು ಮಾತನಾಡಿತು. ಎರಡನೆಯದೂ ಮಾತನಾಡಿತು. ಗೆಲುವಿನ ಮದವೆಂದರೆ ಇದೇ ಇರಬೇಕು. ಮೂರನೆಯದನ್ನು, ಹಿರಿಯರ ಚೀಟಿಯಿದ್ದ ಸೆಟ್ಟನ್ನು, ಓದಿದೆನು. ಆದರೆ ಆ ಕಡತವನ್ನು ಉಳಿಸಲಿಲ್ಲ. ಅಂಕಿಗಳನ್ನು ತಿದ್ದಿ ನೇರವಾಗಿ ಬರೆಯುವ ಆಜ್ಞೆಯನ್ನು ಒತ್ತಿದೆನು. ಬರಹ ಅರ್ಧಕ್ಕೆ ಬಂದಿರಬೇಕು, ಆಗ ಕರೆಂಟು ಹೋಯಿತು. ಲ್ಯಾಪ್‌ಟಾಪಿನ ಬ್ಯಾಟರಿ ಸತ್ತು ಎಷ್ಟೋ ವರ್ಷಗಳಾಗಿದ್ದವು. ಗೋಡೆಯ ಕರೆಂಟಿನ ಮೇಲೆಯೇ ಅದರ ಪ್ರಾಣ. ಪರದೆ ಕತ್ತಲಾಯಿತು.

ಕರೆಂಟು ಬಂದಾಗ ಸೆಟ್ಟಿನ ಗುಂಡಿಯನ್ನು ತಿರುಗಿಸಿದರೆ ಒಂದೇ ಸಮನೆ ಕೂಗು. ಕೋಡ್‌ಪ್ಲಗ್ಗಿನ ಕೊನೆಯಲ್ಲಿ ಲೆಕ್ಕ ತಾಳೆ ನೋಡುವ ಒಂದು ಅಂಕಿಯಿರುತ್ತದೆ. ಬರಹ ಅರೆಬರೆಯಾದರೆ ತಾಳೆ ಬೀಳುವುದಿಲ್ಲ. ತಾಳೆ ಬೀಳದ ಸೆಟ್ಟು ಕೆಲಸಕ್ಕೆ ನಿಲ್ಲುವುದಿಲ್ಲ. ತಂತ್ರಾಂಶವೂ ಅದನ್ನು ಒಳಗೆ ಬಿಟ್ಟುಕೊಳ್ಳುವುದಿಲ್ಲ. ಚಿಪ್ಪನ್ನು ಕಿತ್ತು, ಬೇರೆ ಯಂತ್ರದಲ್ಲಿಟ್ಟು, ಇನ್ನೊಂದು ಸೆಟ್ಟಿನ ನಕಲನ್ನು ತುಂಬಬಹುದು. ಆದರೆ ಕಾರ್ಖಾನೆಯಲ್ಲಿ ಆಯಾ ಸೆಟ್ಟಿಗೆಂದೇ ಅಳೆದು ಬರೆದ ಶ್ರುತಿಯ ಅಂಕಿಗಳು ಅದರಲ್ಲಿರುವುದಿಲ್ಲ. ಬೇರೆಯವರ ತಂಬೂರಿಯ ಶ್ರುತಿಗೆ ಹಾಡಿದ ಹಾಗೆ. ಹಿರಿಯರು ಅದರ ಚಾನೆಲ್ಲುಗಳಲ್ಲಿ ಏನೇನು ಬರೆದಿಟ್ಟಿದ್ದರೋ, ಯಾವ ಊರಿನ ಯಾವ ಗೆಳೆಯರನ್ನು ಅಲ್ಲಿ ಭೇಟಿಯಾಗುತ್ತಿದ್ದರೋ, ಅದನ್ನು ನಾನು ಪರದೆಯ ಮೇಲೆ ಕ್ಷಣಕಾಲ ಕಂಡಿದ್ದೆನು. ಒಂದು ಅಂಕಿಯೂ ನೆನಪಿಲ್ಲ. ಚೀಟಿಯಿರುವ ಆ ಸೆಟ್ಟು ಈಗಲೂ ನನ್ನ ಪುಸ್ತಕದ ಕಪಾಟಿನಲ್ಲಿದೆ.

ಉಳಿದ ಎರಡರ ಕಥೆಗೆ ಬರೋಣ. ಅಮೆರಿಕದ ಹವ್ಯಾಸಿಗಳಿಗೆ 144ರಿಂದ 148 ಮೆಗಾಹರ್ಟ್ಸ್‌ವರೆಗೆ ಅವಕಾಶವುಂಟು. ನಮ್ಮ ದೇಶದಲ್ಲಿ 144ರಿಂದ 146 ಮಾತ್ರ. ನನ್ನ ಕೈಯಲ್ಲಿದ್ದ ಸೆಟ್ಟುಗಳು 146ರಿಂದ 174ರವರೆಗಿನವು. ನಮ್ಮ ಗಡಿ ಮುಗಿಯುವಲ್ಲಿ ಅವುಗಳ ಗಡಿ ಆರಂಭ! 145 ಎಂದು ಬರೆದರೆ ತಂತ್ರಾಂಶ ಒಪ್ಪುವುದಿಲ್ಲ. ಅದರ ಕಾವಲನ್ನು ಮೀರುವ ಉಪಾಯಗಳನ್ನು ಹವ್ಯಾಸಿಗಳು ಕಂಡುಕೊಂಡಿದ್ದಾರೆ. ಆದರೆ ತಂತ್ರಾಂಶ ಒಪ್ಪಿದರೂ ಸೆಟ್ಟಿನ ಒಳಗಿನ ಆಂದೋಲಕ ಒಪ್ಪಬೇಕಲ್ಲ? ಗಡಿಯಿಂದ ಬಹಳ ಕೆಳಗಿಳಿದರೆ ಅದು ಹಿಡಿತ ತಪ್ಪುತ್ತದೆ. 146ಕ್ಕೆ ತೀರ ಸಮೀಪದ ಒಂದು ಜಾಗದಲ್ಲಿ ನನ್ನ ಎರಡು ಸೆಟ್ಟುಗಳೂ ಹಿಡಿತಕ್ಕೆ ಬಂದವು. ಸಣಕಲಾಗಿದ್ದ ನಿಕೆಲ್-ಕ್ಯಾಡ್ಮಿಯಂ ಬ್ಯಾಟರಿಗಳನ್ನು ಬಿಚ್ಚಿಸಿ, ಆರಾರು ಹೊಸ ಸೆಲ್ಲುಗಳನ್ನು ಕೂಡಿಸಿ ಏಳೂವರೆ ವೋಲ್ಟು ಮಾಡಿಸಿದ್ದಾಯಿತು.

ಅಷ್ಟಾದರೂ ಒಂದು ದಿನವೆಲ್ಲ ಅವು ನನ್ನನ್ನು ಆಡಿಸಿದವು. ಎರಡನ್ನೂ ಮೇಜಿನ ಮೇಲಿಟ್ಟು ಒಂದರಲ್ಲಿ ಮಾತನಾಡಿದರೆ ಇನ್ನೊಂದರ ದೀಪ ಮಿನುಗುವುದು. ದನಿ ಮಾತ್ರ ಇಲ್ಲ. ಪ್ರಶ್ನೆ ಕೇಳಿದ್ದ ಆ ಹುಡುಗ ಅಂದು ಬಂದಿದ್ದನು. “ಮೌನೇಶ್ವರರ ಊರಿಗಿ ಹೋಗೂ ಸೆಟ್ ಅಲ್ರೀ ಸರ, ಮೌನ ಹಿಡದಾವ” ಎಂದು ನಕ್ಕನು. ಕಾರಣ ಕಿವಿಗೆ ಕೇಳಿಸದ ಒಂದು ಮಂದ್ರಸ್ವರ. ಒಂದೇ ಕಂಪನಾಂಕದಲ್ಲಿ ಹಲವು ತಂಡಗಳಿರುವಾಗ ಒಬ್ಬರ ಮಾತು ಇನ್ನೊಬ್ಬರಿಗೆ ಕಿರುಕುಳವಾಗದಿರಲೆಂದು, ಮಾತಿನ ಅಡಿಯಲ್ಲಿ 67ರಿಂದ 250 ಹರ್ಟ್ಸ್‌ವರೆಗಿನ ಯಾವುದಾದರೊಂದು ಗುರುತಿನ ಸ್ವರವನ್ನು ಸೇರಿಸುತ್ತಾರೆ. ಕೇಳುವ ಸೆಟ್ಟು ತನ್ನ ಗುರುತು ಬಂದರೆ ಮಾತ್ರ ಬಾಯಿ ತೆರೆಯುತ್ತದೆ. ಒಂದರಲ್ಲಿ 100 ಎಂದೂ ಇನ್ನೊಂದರಲ್ಲಿ 123 ಎಂದೂ ನಾನೇ ಬರೆದಿದ್ದೆನು!

ಇಲ್ಲಿ ಒಂದು ಎಚ್ಚರಿಕೆಯ ಮಾತು. ಗುಜರಿಯಲ್ಲಿ ಇಂಥ ಸೆಟ್ಟು ಕಂಡು ಕೈ ತುರಿಸುವ ಯುವಕರು ತಿಳಿದಿರಲಿ: ಪರವಾನಗಿಯಿಲ್ಲದೆ ಇಂಥ ಸಾಧನವನ್ನು ಇಟ್ಟುಕೊಳ್ಳುವುದನ್ನೇ 1933ರ ಕಾಯಿದೆ ಅಪರಾಧವೆಂದು ಸಾರಿತು, 2023ರ ದೂರಸಂಪರ್ಕ ಕಾಯಿದೆಯೂ ಅಪ್ಪಣೆಯ ಕಟ್ಟನ್ನು ಬಿಟ್ಟುಕೊಟ್ಟಿಲ್ಲ. 446 ಮೆಗಾಹರ್ಟ್ಸಿನ ಸಣ್ಣದೊಂದು ಪಟ್ಟಿಯಲ್ಲಿ ಅಲ್ಪಶಕ್ತಿಯ ಸೆಟ್ಟುಗಳಿಗೆ ವಿನಾಯಿತಿಯುಂಟು. ನಾಲ್ಕೈದು ವಾಟಿನ ಈ ವೃತ್ತಿಪರ ಯಂತ್ರಗಳಿಗೆ ಅದು ಅನ್ವಯಿಸದು. ಹಳೆಯ ಸೆಟ್ಟಿನಲ್ಲಿ ಹಿಂದಿನ ಒಡೆಯರ ಚಾನೆಲ್ಲುಗಳು ಹಾಗೆಯೇ ಉಳಿದಿರುವುದುಂಟು. ಅವನ್ನು ಕೇಳುವ ಕುತೂಹಲವನ್ನು ಅದುಮಿ, ಮೊದಲು ಅಳಿಸಬೇಕು. ಪರವಾನಗಿಯವರ ಕೈಯಲ್ಲಿ ಈ ವಿದ್ಯೆ ಎಷ್ಟು ದೊಡ್ಡದಾಗಬಲ್ಲುದೆಂಬುದಕ್ಕೆ 2004ರ ಡಿಸೆಂಬರಿನ ಸುನಾಮಿಯೇ ಸಾಕ್ಷಿ. ಹವ್ಯಾಸಕ್ಕೆಂದು ತಂಡದೊಡನೆ ಪೋರ್ಟ್‌ಬ್ಲೇರಿಗೆ ಹೋಗಿದ್ದ ಭಾರತಿ ಪ್ರಸಾದ್ ಎಂಬ ಮಹಿಳೆ, ದ್ವೀಪಗಳ ಸಂಪರ್ಕವೆಲ್ಲ ಕಡಿದಾಗ ತಮ್ಮ ನಿಸ್ತಂತುವಿನಿಂದ ಸುದ್ದಿಗಳನ್ನು ಮುಖ್ಯಭೂಮಿಗೆ ಮುಟ್ಟಿಸಿದರು.

2020ರ ಸೆಪ್ಟೆಂಬರಿನ ಒಂದು ಭಾನುವಾರ ಪರೀಕ್ಷೆಗೆ ನಿಂತೆವು. ಸಮತಟ್ಟಾದ ನೆಲದಲ್ಲಿ ಇಬ್ಬರು ಎದುರುಬದುರು ನಿಂತರೆ ಭೂಮಿಯ ದುಂಡಗಿನ ಬೆನ್ನೇ ಹತ್ತು ಕಿಲೋಮೀಟರಿನ ಆಚೆಗೆ ಅಡ್ಡ ಬರುತ್ತದೆ. ಒಬ್ಬನು ನೂರು ಮೀಟರು ಎತ್ತರಕ್ಕೆ ಏರಿದರೆ ಲೆಕ್ಕದಲ್ಲಿ ನಲವತ್ತು ದಾಟಬಹುದು. ಲೆಕ್ಕ ಬೇರೆ, ಮೊಂಡು ಆಂಟೆನಾದ ವಾಸ್ತವ ಬೇರೆ. ಸುರಪುರಕ್ಕೆ ಗುಡ್ಡಗಳ ಬಡತನವಿಲ್ಲ. ಪರವಾನಗಿಯಿರುವ ನನ್ನ ಮಿತ್ರನು ಒಂದು ಸೆಟ್ಟಿನೊಡನೆ ಅಲ್ಲಿನ ಬಂಡೆಯ ನೆತ್ತಿಯನ್ನು ಏರಿದನು. ನಾನು ಇನ್ನೊಂದನ್ನು ಹಿಡಿದು ತಿಂಥಣಿಯ ದಡಕ್ಕೆ ಬಂದೆನು. ಜಾತ್ರೆಯ ಕಾಲದಲ್ಲಿ ಹಿಂದೂಗಳೂ ಮುಸ್ಲಿಮರೂ ಕಿಕ್ಕಿರಿಯುವ ಮೌನೇಶ್ವರರ ಸನ್ನಿಧಿಯ ಹಾದಿ ಅಂದು ಬರಿದಾಗಿತ್ತು. ಹರಗೋಲಿನ ಮುದುಕನೊಬ್ಬನು ಬೀಡಿ ಸೇದುತ್ತ ಕುಳಿತಿದ್ದನು.

ಮೊದಲ ಮೂರು ಕರೆಗಳಿಗೆ ಬರಿಯ ಸುಯ್ಯೆಂಬ ಸದ್ದು. ಹತ್ತು ಹೆಜ್ಜೆ ಏರಿ ಸೇತುವೆಯ ಕಡೆಗೆ ಸರಿದು ಮತ್ತೆ ಕರೆದೆನು. ಸುಯ್ಲಿನ ನಡುವಿನಿಂದ ನನ್ನ ಕರೆಹೆಸರು, ಅದರ ಹಿಂದೆ ಮಿತ್ರನ ಏದುಸಿರು ಬಂದವು.

“ಯಪ್ಪಾ, ಯಾರ‍್ರೀ ಅವ್ರು?” ಎಂದು ಮುದುಕನು ಎದ್ದುಬಂದನು.

“ಸುರಪುರದ ಗುಡ್ಡದ ಮ್ಯಾಲ ನಿಂತಾರ, ಅಜ್ಜಾ.”

“ನಾನೊಂದ್ ಮಾತು ಆಡ್ಲ್ಯಾ?”

ಪರವಾನಗಿಯಿಲ್ಲದವರು ಆಡುವಂತಿಲ್ಲವೆಂದು ವಿವರಿಸಿದೆನು. ಅವನಿಗೆ ಬೇಸರವಾಯಿತೆಂದು ಕಂಡಿತು. “ಕೇಳಾಕರ ಕೊಡ್ರಿ” ಎಂದನು. ಸೆಟ್ಟನ್ನು ಅವನ ಕಿವಿಯ ಬಳಿ ಹಿಡಿದೆನು. ಅತ್ತಣಿಂದ ಮಿತ್ರನು, ಗುಡ್ಡದ ಮೇಲೆ ಮಳೆ ಹಿಡಿಯಿತೆಂದೂ ಮೋಡವೆಲ್ಲ ನಮ್ಮ ಕಡೆಗೇ ಬರುತ್ತಿದೆಯೆಂದೂ ಹೇಳುತ್ತಿದ್ದನು.

ಮುದುಕನು ಉತ್ತರದ ಆಕಾಶವನ್ನು ಒಮ್ಮೆ ನೋಡಿ, ಬೀಡಿಯನ್ನು ಎಸೆದು, ಹರಗೋಲನ್ನು ದಡದ ಮೇಲಕ್ಕೆ ಎಳೆಯತೊಡಗಿದನು. ನಾನು ಸೆಟ್ಟನ್ನು ಜೇಬಿಗಿಳಿಸಿ ಅದರ ಇನ್ನೊಂದು ಅಂಚಿಗೆ ಕೈ ಹಾಕಿದೆನು.