ಅಷ್ಟು ದೊಡ್ಡ ದೇವರಿಗೆ ನಮ್ಮಜ್ಜ ಕಾಣ್ತಾರಾ?

ಹೈಸ್ಕೂಲಿನಲ್ಲಿ 31 ವರ್ಷ ವಿಜ್ಞಾನ ಕಲಿಸಿ ನಿವೃತ್ತಳಾದಾಗ, ಇನ್ನು ಚಾಕ್‌ಪೀಸ್ ಮುಟ್ಟುವುದಿಲ್ಲ ಎಂದುಕೊಂಡಿದ್ದೆ. ನಮ್ಮ ಸಭಾಪಾಲಕರು ಬಿಡಲಿಲ್ಲ. “ದೃಢೀಕರಣದ ಮಕ್ಕಳಿಗೆ ನೀವೇ ಪಾಠ ಮಾಡಬೇಕು ಟೀಚರ್” ಎಂದರು.

ದೃಢೀಕರಣ ಎಂದರೆ ಏನು ಎಂದು ಕೆಲವರು ಕೇಳಬಹುದು. ನಮ್ಮಲ್ಲಿ ಎಳೆಗೂಸಿಗೆ ದೀಕ್ಷಾಸ್ನಾನ ಮಾಡಿಸುವಾಗ ಅಪ್ಪ ಅಮ್ಮ ಮಗುವಿನ ಪರವಾಗಿ ದೇವರಿಗೆ ಮಾತು ಕೊಡುತ್ತಾರೆ. ಆ ಮಗು ಹದಿಹರೆಯಕ್ಕೆ ಬಂದಾಗ ಸಭೆಯ ಮುಂದೆ ನಿಂತು ಆ ಮಾತನ್ನು ತನ್ನದೇ ಬಾಯಿಂದ ಒಪ್ಪಿಕೊಳ್ಳುತ್ತದೆ. ಅದಕ್ಕೆ ಮೊದಲು ಕೆಲವು ತಿಂಗಳು ತರಗತಿ. ನನ್ನ ಪಾಲಿಗೆ ಬಂದವರು 11 ಮಂದಿ, 13ರಿಂದ 15 ವರ್ಷದವರು. ಒಬ್ಬನಂತೂ ಸತ್ಯವೇದದ ಅಡಿಯಲ್ಲಿ ಮೊಬೈಲ್ ಇಟ್ಟುಕೊಂಡೇ ಕೂರುತ್ತಿದ್ದ. ನಾನು ನೋಡಿಯೂ ನೋಡದ ಹಾಗೆ ಇರುತ್ತಿದ್ದೆ. 31 ವರ್ಷದ ಅನುಭವ ಅಷ್ಟಾದರೂ ಕಲಿಸಿದೆ.

ಮೊದಲ ಪಾಠ ದೇವರ ಮಹತ್ವ. ಸರ್ವಶಕ್ತ, ಸರ್ವಜ್ಞ, ಸರ್ವವ್ಯಾಪಿ ಎಂದು ಹಲಗೆಯ ಮೇಲೆ ಬರೆದೆ. ಮಕ್ಕಳು ಬರೆದುಕೊಂಡರು. ಎರಡನೆಯ ವಾರ ಕೇಳಿದರೆ ಎಲ್ಲರೂ ಒಪ್ಪಿಸಿದರು. ಮಗ್ಗಿ ಒಪ್ಪಿಸಿದ ಹಾಗಿತ್ತು, ಯಾರ ಮುಖದಲ್ಲೂ ಬೆರಗಿಲ್ಲ. ಆಗ ನನ್ನೊಳಗಿನ ವಿಜ್ಞಾನದ ಟೀಚರ್ ಎದ್ದಳು. ಬೆಳಕು ಒಂದು ಸೆಕೆಂಡಿಗೆ ಸುಮಾರು 3 ಲಕ್ಷ ಕಿಲೋಮೀಟರ್ ಓಡುತ್ತದೆ, ಸೂರ್ಯನಿಂದ ನಮ್ಮ ಅಂಗಳಕ್ಕೆ ಬರಲು ಅದಕ್ಕೆ 8 ನಿಮಿಷ ಬೇಕು, ನಮ್ಮ ಆಕಾಶಗಂಗೆಯೊಂದರಲ್ಲೇ ಕಡಿಮೆಯೆಂದರೂ 10 ಸಾವಿರ ಕೋಟಿ ನಕ್ಷತ್ರಗಳಿವೆ, ಅಂಥ ಗೆಲಾಕ್ಸಿಗಳಿಗೆ ಲೆಕ್ಕವಿಲ್ಲ ಎಂದೆಲ್ಲ ಹೇಳಿದೆ. ಮೊಬೈಲ್ ಹುಡುಗನೂ ತಲೆ ಎತ್ತಿದ. ಗೆದ್ದೆ ಎಂದುಕೊಂಡೆ.

ಹಿಂದಿನ ಬೆಂಚಿನಿಂದ ಒಬ್ಬ ಹುಡುಗ ಎದ್ದುನಿಂತ. “ಟೀಚರ್, ಅಷ್ಟು ದೊಡ್ಡ ದೇವರಿಗೆ ನಮ್ಮಜ್ಜ ಕಾಣ್ತಾರಾ?”

ಅವನ ಅಜ್ಜ ಆ ಮಳೆಗಾಲದಲ್ಲಿ ತೀರಿಕೊಂಡಿದ್ದರು. ಪ್ರತಿ ಭಾನುವಾರ ಮೊಮ್ಮಗನನ್ನು ಹಳೆಯ ಸ್ಕೂಟರಿನಲ್ಲಿ ಕೂರಿಸಿಕೊಂಡು ಆರಾಧನೆಗೆ ಬರುತ್ತಿದ್ದವರು. ಅವರು ಆಸ್ಪತ್ರೆಯಲ್ಲಿದ್ದ 19 ದಿನವೂ ಹುಡುಗ ಮೊಣಕಾಲೂರಿ ಪ್ರಾರ್ಥಿಸಿದ್ದನಂತೆ. ಇದು ನನಗೆ ಗೊತ್ತಿತ್ತು. ಗೊತ್ತಿದ್ದೂ ನಾನು ಹೇಳಿದ್ದೇನು? “ಎಲ್ಲ ದೇವರ ಚಿತ್ತ ಮಗಾ, ಕೂತ್ಕೋ.” ಹೇಳಿ ಹಲಗೆ ಒರೆಸಿದೆ.

ಮುಂದಿನ ಎರಡು ಭಾನುವಾರ ಅವನು ಬರಲಿಲ್ಲ.

ಆ ದಿನಗಳಲ್ಲಿ ನಾನು ಯೋಬನ ಗ್ರಂಥವನ್ನು ಮತ್ತೆ ತೆರೆದೆ. ಒಂದೇ ದಿನದಲ್ಲಿ ಮಕ್ಕಳನ್ನೂ ಆಸ್ತಿಯನ್ನೂ ಕಳೆದುಕೊಂಡು, ಆಮೇಲೆ ಮೈತುಂಬ ಹುಣ್ಣಾಗಿ ಬೂದಿಯಲ್ಲಿ ಕುಳಿತವನ ಕಥೆ ಅದು. ಅವನನ್ನು ನೋಡಲು ಮೂವರು ಸ್ನೇಹಿತರು ಬರುತ್ತಾರೆ. ಏಳು ದಿನ ಏಳು ರಾತ್ರಿ ಮಾತಿಲ್ಲದೆ ಅವನ ಜೊತೆ ನೆಲದ ಮೇಲೆ ಕೂರುತ್ತಾರೆ. ಅವರು ಮಾಡಿದ ಒಳ್ಳೆಯ ಕೆಲಸ ಅದೊಂದೇ ಎಂದು ನನ್ನ ಅಭಿಪ್ರಾಯ. ಬಾಯಿ ತೆರೆದ ಮೇಲೆ ಅವರು ಕೊಟ್ಟದ್ದೆಲ್ಲ ಅಚ್ಚುಕಟ್ಟಾದ ಉತ್ತರಗಳು: ನೀನು ಏನೋ ತಪ್ಪು ಮಾಡಿರಬೇಕು, ಸುಮ್ಮನೆ ದೇವರು ಶಿಕ್ಷಿಸುವುದಿಲ್ಲ. ಕಥೆಯ ಕೊನೆಯಲ್ಲಿ ದೇವರು ಕೋಪಿಸಿಕೊಳ್ಳುವುದು ಪ್ರಶ್ನೆ ಕೇಳಿದ ಯೋಬನ ಮೇಲಲ್ಲ, ಉತ್ತರ ಹೇಳಿದ ಈ ಸ್ನೇಹಿತರ ಮೇಲೆ. ಓದುತ್ತಾ ನನ್ನ ಕಿವಿ ಬಿಸಿಯಾಯಿತು.

ಶನಿವಾರ ಬಸ್ಸು ಹತ್ತಿ ಹುಡುಗನ ಮನೆಗೆ ಹೋದೆ. ಮಂಗಳೂರಿನಿಂದ ಹೊರಗೆ, ಗುಡ್ಡದ ಮೇಲೆ ಹಂಚಿನ ಮನೆ. ಬಾಸೆಲ್ ಮಿಶನ್‌ನವರು ಮಂಗಳೂರಿನಲ್ಲಿ 1865ರಲ್ಲಿ ಹಂಚಿನ ಕಾರ್ಖಾನೆ ತೆರೆದ ಮೇಲೆ ನಮ್ಮ ಜನರಲ್ಲಿ ಎಷ್ಟೋ ಮನೆತನಗಳಿಗೆ ಮಣ್ಣು ಮತ್ತು ಒಲೆಯ ಕೆಲಸವೇ ಅನ್ನ ಕೊಟ್ಟಿತು. ಈ ಅಜ್ಜನೂ ಪ್ರಾಯದಲ್ಲಿ ಒಂದು ಹಂಚಿನ ಕಾರ್ಖಾನೆಯಲ್ಲಿದ್ದವರೇ. ಅಜ್ಜಿ ಜಗಲಿಯಲ್ಲಿ ಕೂರಿಸಿ ಕಾಫಿ ಕೊಟ್ಟರು. ಹುಡುಗ ಒಳಗಿನಿಂದ ಬರಲಿಲ್ಲ.

“ನನ್ನಿಂದ ತಪ್ಪಾಯ್ತು” ಎಂದೆ.

ಅಜ್ಜಿ ಅದಕ್ಕೇನೂ ಹೇಳಲಿಲ್ಲ. “ನಕ್ಷತ್ರದ ಪಾಠ ಮಾಡಿದ್ರಂತಲ್ಲ. ಮಕ್ಕಳನ್ನು ಒಮ್ಮೆ ಇಲ್ಲಿಗೇ ಕರ್ಕೊಂಡು ಬನ್ನಿ ಟೀಚರ್. ನಮ್ಮ ಅಂಗಳದಲ್ಲಿ ಚೆನ್ನಾಗಿ ಕಾಣ್ತದೆ. ಇವನ ಅಜ್ಜ ತೋರಿಸ್ತಿದ್ರು” ಎಂದರು.

ಹಾಗೆ ಜನವರಿಯ ಒಂದು ಸಂಜೆ, ಚಂದ್ರನಿಲ್ಲದ ದಿನ ನೋಡಿ, ಹೆತ್ತವರ ಒಪ್ಪಿಗೆ ಪಡೆದು ಎಲ್ಲರೂ ಹೋದೆವು. ಅಂಗಳದ ದೀಪ ಆರಿಸಿ ಚಾಪೆ ಹಾಸಿದೆವು. ಹುಡುಗನೂ ಬಂದು ಅಜ್ಜಿಯ ಪಕ್ಕ ಕುಳಿತ.

ನೀವೂ ಮೊಮ್ಮಕ್ಕಳ ಜೊತೆ ನೋಡಬಹುದು, ಕಷ್ಟವಿಲ್ಲ. ಜನವರಿಯಲ್ಲಿ ಕತ್ತಲಾದ ಮೇಲೆ ಪೂರ್ವಕ್ಕೆ ಮುಖ ಮಾಡಿದರೆ ಒಂದೇ ಸಾಲಿನಲ್ಲಿ ಮೂರು ನಕ್ಷತ್ರ ಕಾಣುತ್ತವೆ. ಮಹಾವ್ಯಾಧನ ನಡುಪಟ್ಟಿ ಅದು. ಆ ಗೆರೆಯನ್ನು ಕೆಳಕ್ಕೆ ಎಳೆದರೆ ಥಳಥಳಿಸುವ ಲುಬ್ಧಕ. ಮೇಲಕ್ಕೆ ಎಳೆದರೆ ಕೆಂಪು ಛಾಯೆಯ ರೋಹಿಣಿ. ಇನ್ನೂ ಸ್ವಲ್ಪ ಮುಂದೆ ಹೋದರೆ ಒಂದು ಪುಟ್ಟ ಗೊಂಚಲು, ಅದು ಕೃತ್ತಿಕೆ. ನನಗೆ ಆರು ಕಂಡವು. ಒಬ್ಬಳು ಏಳು ಎಂದು ಹಟ ಹಿಡಿದಳು. ಅಜ್ಜಿಗೆ ಹೊಗೆಯಂತೆ ಕಂಡಿತಂತೆ.

ಲುಬ್ಧಕದ ಬೆಳಕು ಹೊರಟು ಎಂಟೂವರೆ ವರ್ಷವಾಯಿತು, ಆಗ ನೀವು ಐದಾರು ವರ್ಷದವರು ಎಂದೆ. ಕೃತ್ತಿಕೆಯ ಬೆಳಕು ಹೊರಟು ಸುಮಾರು 440 ವರ್ಷ, 1565ರ ತಾಳಿಕೋಟೆ ಯುದ್ಧ ಮುಗಿದು ಇಪ್ಪತ್ತು ವರ್ಷವಾಗಿತ್ತಷ್ಟೆ. ರೋಹಿಣಿಯದು ಸುಮಾರು 65 ವರ್ಷ.

“ಹಾಗಾದ್ರೆ ಅಜ್ಜನಿಗೆ ಆಗ ಒಂಬತ್ತು” ಎಂದ ಹುಡುಗ. ಆ ಸಂಜೆ ಅವನ ಮೊದಲ ಮಾತು. ಅಜ್ಜ ಇದ್ದಿದ್ದರೆ ಅವರಿಗೆ 74.

ಯೋಬನ ಕಥೆ ಹೇಳಿದೆ. ದೇವರು ಬಿರುಗಾಳಿಯೊಳಗಿಂದ ಮಾತಾಡಿ, ಭೂಮಿಗೆ ಅಡಿಪಾಯ ಹಾಕುವಾಗ ನೀನೆಲ್ಲಿದ್ದೆ ಎಂದು ಕೇಳುವುದು, ಇದೇ ಕೃತ್ತಿಕೆ, ಇದೇ ಮಹಾವ್ಯಾಧನ ಮಾತೆತ್ತುವುದು, ಅಷ್ಟು ದೊಡ್ಡ ಮಾತಿನ ನಡುವೆ ಕಾಗೆಮರಿಯ ಹಸಿವನ್ನೂ ಕಾಡುಮೇಕೆಯ ಹೆರಿಗೆಯನ್ನೂ ನೆನೆಯುವುದು.

“ಆದ್ರೆ ಟೀಚರ್, ಮಕ್ಕಳು ಯಾಕೆ ಸತ್ರು ಅಂತ ದೇವರು ಹೇಳಲೇ ಇಲ್ವಲ್ಲ!” ಎಂದಳು ಏಳು ನಕ್ಷತ್ರದವಳು.

“ಹೇಳಲಿಲ್ಲ” ಎಂದೆ. “ನನಗೂ ಗೊತ್ತಿಲ್ಲ. ಆವತ್ತು ತರಗತಿಯಲ್ಲಿ ಗೊತ್ತಿದ್ದ ಹಾಗೆ ಮಾತಾಡಿದ್ದು ತಪ್ಪು.” ಇದನ್ನು ಹುಡುಗನ ಕಡೆ ತಿರುಗಿ ಹೇಳಿದೆ. ಕತ್ತಲಲ್ಲಿ ಅವನ ಮುಖ ಕಾಣಲಿಲ್ಲ.

ಮುಗಿಸುವ ಮುಂಚೆ ಕೀರ್ತನೆ 147ರ ನಾಲ್ಕನೆಯ ವಚನ ಓದಲು ಒಬ್ಬಳಿಗೆ ಟಾರ್ಚ್ ಕೊಟ್ಟೆ. ದೇವರು ನಕ್ಷತ್ರಗಳನ್ನು ಎಣಿಸಿ ಒಂದೊಂದಕ್ಕೂ ಹೆಸರಿಟ್ಟ ಎಂಬ ವಚನ. ಅವಳು ತಪ್ಪಿ ಮೂರನೆಯದರಿಂದ ಶುರುಮಾಡಿದಳು. ಅದು ಮನಸ್ಸು ಮುರಿದವರ ಗಾಯಕ್ಕೆ ದೇವರು ಪಟ್ಟಿ ಕಟ್ಟುವ ವಿಷಯ. ಎರಡೂ ಒಂದರ ಕೆಳಗೊಂದು ಇವೆ. ನಲವತ್ತು ವರ್ಷದಿಂದ ಆ ಕೀರ್ತನೆ ಓದುತ್ತಿದ್ದೇನೆ. ನಕ್ಷತ್ರದ ವಚನ ನನಗೆ ಬಾಯಿಪಾಠ. ಅದರ ಮೇಲಿನ ಸಾಲು ಯಾವುದೆಂದು ಒಮ್ಮೆಯೂ ಗಮನಿಸಿರಲಿಲ್ಲ.

ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ಅಜ್ಜಿ, ನಮಗೆ ಹೇಳಿದರೋ ತಮಗೇ ಹೇಳಿಕೊಂಡರೋ, “ಈ ಮಾಡಿಗೆ ಸಾವಿರಗಟ್ಟಲೆ ಹಂಚುಂಟು. ಸೋರುವ ಹಂಚು ಯಾವುದು ಅಂತ ಅವರಿಗೆ ಕೆಳಗೆ ನಿಂತೇ ಗೊತ್ತಾಗ್ತಿತ್ತು. ಮಳೆಗಾಲಕ್ಕೆ ಮುಂಚೆ ಏಣಿ ಇಟ್ಟು ಸೀದಾ ಅದರ ಹತ್ತಿರವೇ ಹೋಗ್ತಿದ್ರು” ಎಂದು ಬೇಯಿಸಿದ ಗೆಣಸು ತರಲು ಎದ್ದರು. ಏಣಿ ಹಿಡಿಯುವ ಕೆಲಸ ತನ್ನದಾಗಿತ್ತು ಎಂದ ಹುಡುಗ.

ಅವನು ಈಗ ತರಗತಿಗೆ ಬರುತ್ತಾನೆ, ಬಸ್ಸಿನಲ್ಲಿ. ಅವನ ಪ್ರಶ್ನೆಗೆ ನಾನು ಇನ್ನೂ ಉತ್ತರ ಹೇಳಿಲ್ಲ. ಮೊನ್ನೆ ಪಾಠ ಮುಗಿದ ಮೇಲೆ ನೋಡಿದರೆ, ಸಂಡೆ ಸ್ಕೂಲಿನ ಚಿಕ್ಕ ಮಕ್ಕಳನ್ನು ಗುಂಪು ಕಟ್ಟಿಕೊಂಡು ನನ್ನ ಹಲಗೆಯ ಮೇಲೆ ಮೂರು ಚುಕ್ಕೆ ಇಟ್ಟು ಗೆರೆ ಎಳೆಯುತ್ತಿದ್ದ. ರೋಹಿಣಿ ಬಂದಲ್ಲಿ ಚಾಕ್‌ಪೀಸ್ ನಿಲ್ಲಿಸಿ, “ಇದು ನಮ್ಮಜ್ಜ ನಾಲ್ಕನೇ ಕ್ಲಾಸಲ್ಲಿದ್ದಾಗ ಹೊರಟ ಬೆಳಕು, ಗೊತ್ತುಂಟಾ?” ಎಂದ. ಒಂದು ಪುಟ್ಟಿ ಕೇಳಿತು, “ನಮ್ಮಜ್ಜಿದು ಯಾವ್ದು?”

“ನಿನ್ನಜ್ಜಿಗೆ ಎಷ್ಟು ವರ್ಷ ಹೇಳು, ಹುಡುಕುವ” ಎಂದ.